ಅರ್ಜಿಯೊಳಗಿನ ಹೆಂಗಸು

ಕೀನ್ಯಾದ ಮಹಿಳಾ ವಕೀಲರ ಒಕ್ಕೂಟವನ್ನು ಅಲ್ಲಿನ ಜನ ಫಿಡಾ ಎಂದು ಕರೆಯುತ್ತಾರೆ. ಅದರ ಕೆಲಸವನ್ನು ಅಳೆಯಲು ಹೊರಟವರು ಸಾಮಾನ್ಯವಾಗಿ ಅದು ಗೆದ್ದ ಮೊಕದ್ದಮೆಗಳಿಂದ ಶುರುಮಾಡುತ್ತಾರೆ. ಸೋತವುಗಳಿಂದ ಶುರುಮಾಡಿದರೆ ಹೆಚ್ಚು ತಿಳಿಯುತ್ತದೆ ಎಂದು ನನಗನಿಸುತ್ತದೆ. 2011ರಲ್ಲಿ ಒಂದು ಸೋಲು, 2018ರಲ್ಲಿ ಇನ್ನೊಂದು, ನಡುವೆ ಹೂಡಿ 2019ರಲ್ಲಿ ಗೆದ್ದ ಮೊಕದ್ದಮೆ ಒಂದು. ಈ ಮೂರನ್ನೂ ಅಕ್ಕಪಕ್ಕ ಇಟ್ಟು ಓದಿದಾಗ, ಅರ್ಜಿಯೊಳಗೆ ಒಬ್ಬ ಹೆಂಗಸಿದ್ದಾಗ ನ್ಯಾಯಾಲಯ ಕೇಳಿಸಿಕೊಂಡ ಬಗೆಗೂ ಬರೀ ತತ್ವವಿದ್ದಾಗ ಕೇಳಿಸಿಕೊಂಡ ಬಗೆಗೂ ಇರುವ ಅಂತರ ಎದ್ದು ಕಾಣುತ್ತದೆ.

ಫಿಡಾದ ಮೂಲ ಕೀನ್ಯಾದಲ್ಲಿಲ್ಲ. ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿದ್ದ 1944ರಲ್ಲಿ, ಅಮೆರಿಕ ಖಂಡಗಳ ಕೆಲವು ದೇಶಗಳ ವಕೀಲೆಯರು ಮೆಕ್ಸಿಕೋದಲ್ಲಿ ಸೇರಿ ಅಂತರರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿದರು. ಅದರ ಶಾಖೆ ನೈಜೀರಿಯಾದಲ್ಲಿ 1964ರಲ್ಲಿ, ಘಾನಾ ಮತ್ತು ಉಗಾಂಡಾಗಳಲ್ಲಿ 1974ರಲ್ಲಿ ಹುಟ್ಟಿತು. ಕೀನ್ಯಾದ್ದು 1985ರ ಕೂಸು. ಆ ವರ್ಷ ವಿಶ್ವಸಂಸ್ಥೆಯ ಮೂರನೇ ವಿಶ್ವ ಮಹಿಳಾ ಸಮ್ಮೇಳನ ನೈರೋಬಿಯಲ್ಲೇ ನಡೆದಿತ್ತು. ಮೂರು ವರ್ಷ ಮೊದಲಷ್ಟೇ ಕೀನ್ಯಾ ಕಾನೂನಿನ ಪ್ರಕಾರವೇ ಏಕಪಕ್ಷದ ರಾಷ್ಟ್ರವಾಗಿತ್ತು. ಸರ್ಕಾರವನ್ನು ಪ್ರಶ್ನಿಸುವ ಸಂಘ ಕಟ್ಟುವುದು ಅಂದು ಸುಲಭದ ಮಾತಾಗಿರಲಿಲ್ಲ. ಹೊರದೇಶಗಳಲ್ಲೂ ಗುರುತಿರುವ ಹೆಸರೊಂದು ಬೆನ್ನಿಗಿದ್ದದ್ದು ಅವರಿಗೆ ಧೈರ್ಯ ಕೊಟ್ಟಿರಬೇಕು. ಅಂತರರಾಷ್ಟ್ರೀಯ ಒಕ್ಕೂಟದಿಂದ ಆದ ದೊಡ್ಡ ಉಪಕಾರ ಇದೇ ಎಂದು ನಾನು ತಿಳಿಯುತ್ತೇನೆ. ಮುಂದಿನ ದುಡಿಮೆಯೆಲ್ಲ ಆಯಾ ದೇಶದ ಹೆಂಗಸರದ್ದು.

ಆ ಕಾಲದ ಕೀನ್ಯಾದಲ್ಲಿ ಹೆಂಡತಿಯ ಮಾತಿಗೆ ಎಷ್ಟು ತೂಕವಿತ್ತು ಎನ್ನುವುದಕ್ಕೆ 1987ರ ಒಟಿಯೆನೊ ಮೊಕದ್ದಮೆ ಸಾಕ್ಷಿ. ನೈರೋಬಿಯ ಹೆಸರಾಂತ ವಕೀಲ ಎಸ್.ಎಂ. ಒಟಿಯೆನೊ 1986ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ನೈರೋಬಿ ಬಳಿಯ ತಮ್ಮ ಜಮೀನಿನಲ್ಲೇ ಮಣ್ಣು ಮಾಡಬೇಕೆಂದು ಪತ್ನಿ ವಾಂಬುಯಿ ಒಟಿಯೆನೊ ಹಟ ಹಿಡಿದರು. ಹುಟ್ಟೂರಿಗೆ ಒಯ್ಯಬೇಕೆಂದು ಗಂಡನ ಲುವೊ ಕುಲದವರು ಪಟ್ಟು ಹಿಡಿದರು. ಜಗಳ ಕೋರ್ಟಿಗೆ ಹೋಯಿತು. ಐದು ತಿಂಗಳು ಹೆಣ ಶವಾಗಾರದಲ್ಲೇ ಉಳಿಯಿತು. ಕೊನೆಗೆ ಗೆದ್ದದ್ದು ಕುಲ. ಸತ್ತವನೂ ವಕೀಲ, ದಶಕಗಳ ಸಂಸಾರ, ದೇಶವೇ ಹೆಸರು ಬಲ್ಲ ಹೆಂಡತಿ. ಅಂಥ ಮನೆಯಲ್ಲೇ ಹೀಗಾದರೆ ಹಳ್ಳಿಯ ವಿಧವೆಯ ಗತಿ ಏನಿದ್ದಿತು! ಫಿಡಾ ಕಣ್ಣು ಬಿಟ್ಟದ್ದು ಇಂಥ ನ್ಯಾಯಾಲಯಗಳ ಎದುರಿಗೆ.

2010ರ ಆಗಸ್ಟ್‌ನಲ್ಲಿ ಕೀನ್ಯಾಕ್ಕೆ ಹೊಸ ಸಂವಿಧಾನ ಬಂತು. ಚುನಾಯಿತ ಅಥವಾ ನೇಮಕಗೊಂಡ ಯಾವುದೇ ಸಾರ್ವಜನಿಕ ಮಂಡಳಿಯಲ್ಲಿ ಒಂದೇ ಲಿಂಗದವರು ಮೂರನೇ ಎರಡು ಭಾಗಕ್ಕಿಂತ ಹೆಚ್ಚಿರಬಾರದು ಎಂಬ ಮಾತು ಅದರಲ್ಲಿದೆ. ಮರುವರ್ಷ ಹೊಸ ಸುಪ್ರೀಂ ಕೋರ್ಟಿಗೆ ನ್ಯಾಯಾಂಗ ಸೇವಾ ಆಯೋಗ ಐವರ ಹೆಸರನ್ನು ಸೂಚಿಸಿದಾಗ ಅವರಲ್ಲಿ ಮಹಿಳೆ ಒಬ್ಬರೇ. ಮುಖ್ಯ ನ್ಯಾಯಮೂರ್ತಿ ಮತ್ತು ಉಪ ಮುಖ್ಯ ನ್ಯಾಯಮೂರ್ತಿಯನ್ನೂ ಸೇರಿಸಿದರೆ ಏಳರಲ್ಲಿ ಇಬ್ಬರು. ಮೂರನೇ ಒಂದು ಭಾಗಕ್ಕೆ ಕಡಿಮೆ. ಫಿಡಾ ಹೈಕೋರ್ಟಿಗೆ ಹೋಯಿತು. ಲೆಕ್ಕ ಎರಡು ಸಾಲಿನದು, ಸಂವಿಧಾನದ ಮಾತು ಕಣ್ಣೆದುರೇ ಇದೆ. ಆದರೂ ಮೂವರು ನ್ಯಾಯಮೂರ್ತಿಗಳ ಪೀಠ ಅರ್ಜಿಯನ್ನು ವಜಾ ಮಾಡಿತು. ಆ ವಿಧಿ ಕ್ರಮೇಣ ಈಡೇರಬೇಕಾದ ಆಶಯ, ಇಂದೇ ಜಾರಿ ಮಾಡಿಸಬಹುದಾದ ಹಕ್ಕಲ್ಲ ಎಂದಿತು. ಪೀಠದಲ್ಲಿ ಫಿಲೋಮಿನಾ ಮ್ವಿಲು ಎಂಬ ಮಹಿಳೆಯೂ ಇದ್ದರು. ಮುಂದೆ ಅವರೇ ಉಪ ಮುಖ್ಯ ನ್ಯಾಯಮೂರ್ತಿಯಾದರು. ಸಂಸತ್ತಿನ ವಿಷಯದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟಿನ ಬಹುಮತವೂ ಇದೇ ಹಾದಿ ಹಿಡಿದು 2015ರ ಆಗಸ್ಟ್‌ವರೆಗೆ ಗಡುವು ಕೊಟ್ಟಿತು. ಗಡುವು ಕಳೆಯಿತು, ಕಾನೂನು ಬರಲಿಲ್ಲ. 2020ರಲ್ಲಿ ಮುಖ್ಯ ನ್ಯಾಯಮೂರ್ತಿ ಡೇವಿಡ್ ಮರಾಗ ಸಂಸತ್ತನ್ನೇ ವಿಸರ್ಜಿಸುವಂತೆ ಅಧ್ಯಕ್ಷರಿಗೆ ಸಲಹೆ ಮಾಡಿದರು. ಅದೂ ಆಗಲಿಲ್ಲ.

ಹೈಕೋರ್ಟಿನ 2011ರ ಆ ತೀರ್ಪು ತಪ್ಪೆಂದೇ ನನ್ನ ನಿಲುವು. ಆದರೂ ಅರ್ಜಿಯ ದುರ್ಬಲತೆಯನ್ನು ಕಾಣದಿರಲಾಗದು. ಆ ಕುರ್ಚಿಗೆ ಅರ್ಹಳಾಗಿದ್ದೂ ಅವಕಾಶ ತಪ್ಪಿದವಳು ಯಾರು, ಅವಳ ಬದಲು ಬಂದವರು ಯಾರು, ಆಯ್ಕೆಯ ಯಾವ ಹಂತದಲ್ಲಿ ಅವಳು ಹೊರಬಿದ್ದಳು ಎನ್ನುವುದರ ಮೇಲೆ ಅದು ನಿಂತಿರಲಿಲ್ಲ. ನಿಂತದ್ದು ಅಂಕಿಯ ಮೇಲೆ. ಅಂಕಿಗೆ ಉತ್ತರವಾಗಿ ಕೋರ್ಟು ಕಾಲಾವಕಾಶ ಕೊಟ್ಟು ಕೈತೊಳೆದುಕೊಂಡಿತು.

2018ರ ಸೋಲು ಇನ್ನೂ ನೋವಿನದು, ಯಾಕೆಂದರೆ ಅದು ಲಕ್ಷಾಂತರ ಮನೆಗಳ ವಿಷಯ. ಕೀನ್ಯಾದ 2013ರ ವೈವಾಹಿಕ ಆಸ್ತಿ ಕಾಯ್ದೆಯ ಏಳನೇ ಕಲಮಿನಂತೆ, ವಿಚ್ಛೇದನವಾದಾಗ ಆಸ್ತಿ ಹಂಚಿಕೆಯಾಗುವುದು ಗಂಡಹೆಂಡಿರಲ್ಲಿ ಯಾರ ಕೊಡುಗೆ ಎಷ್ಟು ಎನ್ನುವುದರ ಮೇಲೆ. ಮದುವೆಯಾಗುವಾಗ, ಬಾಳುವಾಗ, ಮುರಿಯುವಾಗ ಇಬ್ಬರಿಗೂ ಸಮಾನ ಹಕ್ಕು ಎನ್ನುವ ಸಂವಿಧಾನದ 45ನೇ ವಿಧಿಗೆ ಇದು ವಿರುದ್ಧ, ಸರಿಪಾಲು ಆಗಬೇಕು ಎಂದು ಫಿಡಾ ವಾದಿಸಿತು. ಹೈಕೋರ್ಟ್ ಒಪ್ಪಲಿಲ್ಲ. ಮನೆಗೆಲಸ, ಮಕ್ಕಳ ಪಾಲನೆ, ಹೊಲದ ದುಡಿಮೆ, ಒಡನಾಟ ಎಲ್ಲವನ್ನೂ ಕಾಯ್ದೆ ಕೊಡುಗೆಯೆಂದೇ ಎಣಿಸುತ್ತದೆ. ಹೀಗಿರುವಾಗ ಎಲ್ಲರಿಗೂ ಅರ್ಧರ್ಧ ಎಂದರೆ, ದುಡಿಯದೆ ಮದುವೆಯಿಂದ ಲಾಭ ಮಾಡಿಕೊಂಡು ಹೊರಡುವವರಿಗೆ ಬಾಗಿಲು ತೆರೆದಂತಾಗುತ್ತದೆ ಎನ್ನುವುದು ತೀರ್ಪಿನ ಧಾಟಿ. ಬೆಳಗ್ಗೆ ನಾಲ್ಕಕ್ಕೆದ್ದು ನೀರು ಹೊತ್ತು, ಜೋಳದ ಹೊಲ ಅಗೆದು, ಐದು ಮಕ್ಕಳನ್ನು ಸಾಕಿದವಳು ಈ ತರ್ಕದೊಳಗೆ ಎಲ್ಲೂ ಇಲ್ಲ. ಅರ್ಜಿ ಅವಳನ್ನು ಕೋರ್ಟಿಗೆ ಕರೆತಂದಿರಲಿಲ್ಲ. ತತ್ವವೊಂದೇ ಬಂದು ನಿಂತಾಗ, ಅದರ ಎದುರು ಲಾಭಕೋರ ಹೆಂಡತಿ ಎಂಬ ಕಲ್ಪನೆಯ ವ್ಯಕ್ತಿಯನ್ನು ತಂದು ನಿಲ್ಲಿಸುವುದು ನ್ಯಾಯಾಧೀಶರಿಗೆ ಸುಲಭವಾಯಿತು.

ಇದಕ್ಕೆ ಪೂರ್ತಿ ಬೇರೆಯದು 2019ರ ಜೂನ್ ತೀರ್ಪು. ಗರ್ಭಪಾತದ ತೊಡಕುಗಳನ್ನು ಕಡಿಮೆ ಮಾಡಲು ಕೀನ್ಯಾದ ಆರೋಗ್ಯ ಇಲಾಖೆ 2012ರಲ್ಲಿ ಮಾರ್ಗಸೂಚಿ ಹೊರಡಿಸಿ, ಮರುವರ್ಷ ತಾನೇ ಹಿಂತೆಗೆದುಕೊಂಡಿತ್ತು. ಆಮೇಲೆ ಆರೋಗ್ಯ ಸಿಬ್ಬಂದಿಯ ತರಬೇತಿಯನ್ನೂ ನಿಲ್ಲಿಸಿತು. ಅದಾದ ಮೇಲೆ, 2014ರಲ್ಲಿ, ಹದಿನಾಲ್ಕು ವರ್ಷದ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರವಾಯಿತು. ಬಸುರಾದ ಅವಳು ಕದ್ದುಮುಚ್ಚಿ ಗರ್ಭಪಾತ ಮಾಡಿಸಿಕೊಂಡು ರಕ್ತಸ್ರಾವಕ್ಕೆ ಸಿಕ್ಕಳು. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸುತ್ತ ಹೊತ್ತು ಕಳೆಯಿತು, ಮೂತ್ರಪಿಂಡಗಳು ಕೆಟ್ಟವು. ಫಿಡಾ ಜೊತೆ ಅರ್ಜಿದಾರಳಾಗಿ ನಿಂತವಳು ಆ ಹುಡುಗಿಯ ತಾಯಿ. ಅರ್ಜಿ ಕೋರ್ಟಿನಲ್ಲಿರುವಾಗಲೇ, 2018ರ ಜೂನ್‌ನಲ್ಲಿ, ಹುಡುಗಿ ತೀರಿಕೊಂಡಳು.

ಐವರು ನ್ಯಾಯಮೂರ್ತಿಗಳ ಪೀಠ ಮಾರ್ಗಸೂಚಿ ಹಿಂತೆಗೆದದ್ದು ಕಾನೂನುಬಾಹಿರ ಎಂದಿತು. ಗರ್ಭವತಿಯ ಜೀವಕ್ಕೋ ಆರೋಗ್ಯಕ್ಕೋ ಅಪಾಯವಿದ್ದರೆ ಗರ್ಭಪಾತಕ್ಕೆ ಅವಕಾಶ ಕೊಡುವ ಸಂವಿಧಾನದ 26ನೇ ವಿಧಿಯನ್ನು ಹಿಡಿದು, ಅತ್ಯಾಚಾರಕ್ಕೊಳಗಾದವಳ ಮನಸ್ಸಿನ ಆರೋಗ್ಯವೂ ಅದರೊಳಗೆ ಬರುತ್ತದೆ ಎಂದು ಹೇಳಿತು. ತಾಯಿಗೆ ಮೂವತ್ತು ಲಕ್ಷ ಶಿಲಿಂಗ್ ಪರಿಹಾರ ಕೊಡಬೇಕೆಂದಿತು. ಇಲಾಖೆಯ ಪತ್ರವೊಂದು ಮಗುವಿನ ದೇಹಕ್ಕೆ ಏನು ಮಾಡಿತು ಎನ್ನುವುದನ್ನು ತಾಯಿಯ ಸಾಕ್ಷ್ಯ ದಾಖಲೆಗೆ ತಂದಿತ್ತು. ಇಲ್ಲಿ ಕ್ರಮೇಣ ಎನ್ನುವ ಮಾತಿಗೆ ಎಡೆಯೇ ಉಳಿಯಲಿಲ್ಲ. ಬ್ರಿಟಿಷರ ಕಾಲದ ದಂಡಸಂಹಿತೆಯ ಗರ್ಭಪಾತ ಕಲಮುಗಳು ಆ ತೀರ್ಪಿನ ನಂತರವೂ ಹಾಗೇ ಉಳಿದವು ಎನ್ನುವುದನ್ನೂ ಹೇಳಬೇಕು. ಗೆಲುವು ದೊಡ್ಡದು, ಪೂರ್ತಿಯಲ್ಲ.

ನೊಂದವರ ಮಾತನ್ನೇ ದಾಖಲೆಗೆ ತರುವ ಈ ಸಾಮರ್ಥ್ಯದ ಬೇರು 2007ರ ಒಂದು ವರದಿಯಲ್ಲಿದೆ. ನ್ಯೂಯಾರ್ಕ್ ಮೂಲದ ಸಂತಾನೋತ್ಪತ್ತಿ ಹಕ್ಕುಗಳ ಸಂಸ್ಥೆಯೊಂದರ ಜೊತೆ ಸೇರಿ ಫಿಡಾ ಕೀನ್ಯಾದ ಹೆರಿಗೆ ಆಸ್ಪತ್ರೆಗಳ ಬಗ್ಗೆ ಅದನ್ನು ಪ್ರಕಟಿಸಿತು. ನೋವಿನಲ್ಲಿ ಕೂಗಿದ್ದಕ್ಕೆ ಹೊಡೆಸಿಕೊಂಡವರು, ಅರಿವಳಿಕೆಯಿಲ್ಲದೆ ಹೊಲಿಗೆ ಹಾಕಿಸಿಕೊಂಡವರು, ಬಿಲ್ಲು ಕಟ್ಟಲಾಗದೆ ಕೂಸಿನೊಂದಿಗೆ ಆಸ್ಪತ್ರೆಯಲ್ಲೇ ಕೂಡಿಹಾಕಿಸಿಕೊಂಡವರು ಅದರಲ್ಲಿ ತಾವೇ ಮಾತಾಡಿದ್ದಾರೆ. ಕಾನೂನಿನ ಪಾಠ ಆ ಮಾತುಗಳ ಹಿಂದೆ ಬರುತ್ತದೆ, ಮುಂದೆ ನುಗ್ಗುವುದಿಲ್ಲ. ವಕೀಲರ ಬರಹದಲ್ಲಿ ಇಷ್ಟು ಸಂಯಮ ಅಪರೂಪ. ಫಿಡಾದ ಬರಹಗಳಲ್ಲಿ ನಾನು ಅತ್ಯಂತ ಗೌರವಿಸುವುದು ಇದನ್ನೇ.

ನನ್ನ ವಾದಕ್ಕೆ ಉಗಾಂಡಾ ಅಡ್ಡ ಬರುತ್ತದೆ. ಅಲ್ಲಿನ ಫಿಡಾ 2003ರಲ್ಲಿ ವಿಚ್ಛೇದನ ಕಾಯ್ದೆಯನ್ನು ಪ್ರಶ್ನಿಸಿದಾಗ ಅರ್ಜಿಯಲ್ಲಿ ನೊಂದ ಹೆಂಡತಿ ಯಾರೂ ಇರಲಿಲ್ಲ. ಸಂಘ ಮತ್ತು ಅದರ ಜೊತೆಗಾರರು ಇದ್ದರು, ಅವರಲ್ಲಿ ಗಂಡಸರೂ ಇದ್ದರು. ಆದರೂ 2004ರ ಮಾರ್ಚ್‌ನಲ್ಲಿ ಸಂವಿಧಾನ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಕಾರಣ ಕಾಯ್ದೆಯಲ್ಲೇ ಇತ್ತು. ಗಂಡ ಬಿಡುಗಡೆ ಬಯಸಿದರೆ ಹೆಂಡತಿಯ ವ್ಯಭಿಚಾರವೊಂದನ್ನು ಸಾಬೀತು ಮಾಡಿದರೆ ಸಾಕಿತ್ತು. ಹೆಂಡತಿ ಬಯಸಿದರೆ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ತೋರಿಸಬೇಕಿತ್ತು. ಅನ್ಯಾಯ ಕಾನೂನಿನ ಅಕ್ಷರದಲ್ಲೇ ಅಚ್ಚಾಗಿರುವಾಗ ಓದಿ ತೋರಿಸಿದರೆ ಸಾಕಾಗುತ್ತದೆ. ಅಕ್ಷರ ಸಮಾನವಾಗಿದ್ದು ಬದುಕು ಅಸಮಾನವಾಗಿರುವ ಕಡೆ ಮಾತ್ರ ಅದು ಸಾಲದು, ಬದುಕಿದವಳೇ ಬರಬೇಕು.

ಉಗಾಂಡಾದ ಆ ಎರಡು ಅಳತೆ ನಮಗೆ ಪರದೇಶದ್ದೇನಲ್ಲ. 1869ರ ಭಾರತೀಯ ವಿಚ್ಛೇದನ ಕಾಯ್ದೆಯ ಹತ್ತನೇ ಕಲಮು ಇದೇ ತಾರತಮ್ಯವನ್ನು ಹೊತ್ತಿತ್ತು. ಮಂಗಳೂರು, ಉಡುಪಿಯ ಕ್ರೈಸ್ತ ಹೆಣ್ಣುಮಕ್ಕಳು 2001ರ ತಿದ್ದುಪಡಿಯವರೆಗೂ ಅದರ ಅಡಿಯಲ್ಲೇ ಬದುಕಿದರು. ಅಂತರರಾಷ್ಟ್ರೀಯ ಮಹಿಳಾ ವಕೀಲರ ಒಕ್ಕೂಟದಲ್ಲಿ ಚುರುಕಾಗಿದ್ದ ವಯೊಲೆಟ್ ಆಳ್ವ ನಮ್ಮ ಕರಾವಳಿಯ ಮನೆತನದ ಸೊಸೆ. ಮುಂಬಯಿಯಲ್ಲಿ ವಕೀಲಿ ಮಾಡಿ, ಬಾಲ ನ್ಯಾಯಾಲಯದ ಅಧ್ಯಕ್ಷರಾಗಿದ್ದವರು. ಮೈಸೂರು ರಾಜ್ಯದಿಂದಲೂ ರಾಜ್ಯಸಭೆಯಲ್ಲಿದ್ದು 1962ರಲ್ಲಿ ಅದರ ಉಪಸಭಾಪತಿಯಾದರು. ಆದರೆ ಅಂಥವರ ಒಕ್ಕೂಟದ ಹೆಸರಿನಲ್ಲಿ ಇಲ್ಲಿ ಕೀನ್ಯಾದಂಥ ದಾವೆಗಳ ಸಾಲೊಂದು ಬೆಳೆಯಲಿಲ್ಲ. ನಮ್ಮ ವಕೀಲೆಯರು ವಕೀಲರ ಸಂಘಗಳೊಳಗೇ ಜಾಗಕ್ಕಾಗಿ ಹೋರಾಡುವುದು ಇನ್ನೂ ಮುಗಿದಿಲ್ಲ: ಬೆಂಗಳೂರು ವಕೀಲರ ಸಂಘದ ಖಜಾಂಚಿ ಹುದ್ದೆಯನ್ನು ಮಹಿಳೆಗೆ ಮೀಸಲಿಡಲು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ತೀರ್ಪುಗಳಿಂದ ಆಚೆಗೆ ಫಿಡಾ ಮಾಡುವ ಇನ್ನೊಂದು ಕೆಲಸವಿದೆ, ಸುದ್ದಿಯಾಗುವುದು ಕಡಿಮೆ. ನೈರೋಬಿ, ಮೊಂಬಾಸಾ, ಕಿಸುಮು ಕಚೇರಿಗಳಿಗೆ ಬರುವ ಬಡ ಹೆಂಗಸರಿಗೆ ಅದು ಅರ್ಜಿ ಬರೆದುಕೊಟ್ಟು, ತಮ್ಮ ದಾವೆಯನ್ನು ತಾವೇ ನಡೆಸಲು ತರಬೇತಿ ಕೊಡುತ್ತದೆ. ಯಾವ ಕೋರ್ಟಿಗೆ ಹೋಗಬೇಕು, ಯಾವ ಕಾಗದ ಒಯ್ಯಬೇಕು, ಎಲ್ಲಿ ನಿಲ್ಲಬೇಕು, ನ್ಯಾಯಾಧೀಶರು ಕೇಳಿದ್ದಕ್ಕೆ ಎಷ್ಟು ಹೇಳಬೇಕು ಎನ್ನುವುದನ್ನು ಕಲಿಸುತ್ತದೆ. ಹೆಚ್ಚಿನ ದಾವೆಗಳು ಮಕ್ಕಳ ಜೀವನಾಂಶದವು. ಅದರ ಹಿಂದೆ ಕಹಿ ಚರಿತ್ರೆಯಿದೆ. ಮದುವೆಯಾಗದ ತಾಯಿಗೆ ಮಗುವಿನ ಅಪ್ಪನಿಂದ ಖರ್ಚು ಕೇಳುವ ಹಕ್ಕು ಕೊಟ್ಟಿದ್ದ ಕಾಯ್ದೆಯನ್ನು ಕೀನ್ಯಾದ ಸಂಸತ್ತು 1969ರಲ್ಲಿ ರದ್ದು ಮಾಡಿತು. 2001ರ ಮಕ್ಕಳ ಕಾಯ್ದೆಯೂ ಅಂಥ ಅಪ್ಪನ ಮೇಲೆ ಹೊಣೆಯನ್ನು ತಾನಾಗಿ ಹೊರಿಸಲಿಲ್ಲ. ಮದುವೆಯಾಗಿರಲಿ ಬಿಡಲಿ ತಂದೆತಾಯಿಗೆ ಸಮಾನ ಹೊಣೆ ಎಂದದ್ದು 2010ರ ಸಂವಿಧಾನ. ಆ ಸಾಲನ್ನು ಶಾಲೆಯ ಫೀಸಾಗಿ, ಮಗುವಿನ ಹಾಲಾಗಿ ಮಾಡುವುದು ಈ ಕಚೇರಿಗಳ ನಿತ್ಯದ ಕೆಲಸ.

ತನ್ನ ಬಾಯಿಂದಲೇ ತನ್ನ ಕತೆ ಹೇಳಿದವಳಿಗೆ ಬರುವ ಬಲ ವಕೀಲರು ಹೇಳಿಸಿದಾಗ ಬರುವುದಿಲ್ಲ. ಆದರೆ ಇದಕ್ಕೂ ಮಿತಿ ಇದೆ. ಎದುರು ಪಕ್ಷ ದುಡ್ಡು ಕೊಟ್ಟು ವಕೀಲರನ್ನು ಕರೆತಂದಾಗ, ಪಾಟೀಸವಾಲಿನಲ್ಲಿ ಆಕೆ ಒಂಟಿಯಾಗುತ್ತಾಳೆ. ಜೀವನಾಂಶಕ್ಕೆ ಸಾಲುವ ತರಬೇತಿ ಜಮೀನಿನ ವ್ಯಾಜ್ಯಕ್ಕೆ ಸಾಲದು. ಅಂಥವಳ ಪಕ್ಕ ಕಡೆಯ ಹಿಯರಿಂಗಿನವರೆಗೂ ಒಬ್ಬ ವಕೀಲೆ ನಿಲ್ಲಲೇಬೇಕು; ಅದಕ್ಕೆ ಬೇಕಾದ ಹಣ ದಾನಿಗಳ ಯೋಜನೆಯ ಅವಧಿಯೊಂದಿಗೆ ಬಂದು ಹೋಗುವಂತಿದ್ದರೆ ದಾವೆ ನಡುವೆಯೇ ಸೊರಗುತ್ತದೆ. ಕಿಸುಮು ಕಡೆ ಮತ್ತು ಕರಾವಳಿಯಲ್ಲಿ ಹಿರಿಯರ ಮಂಡಳಿಗಳ ಜೊತೆ ಕೂತು ವಿಧವೆಯರ ಜಮೀನು ಉಳಿಸುವ ಫಿಡಾದ ಪ್ರಯತ್ನವನ್ನು ಕೆಲವರು ರಾಜಿ ಎಂದು ಕಾಣಬಹುದು. ಒಟಿಯೆನೊ ಮೊಕದ್ದಮೆಯಲ್ಲಿ ಕುಲದ ಮಾತಿಗೆ ಸಿಕ್ಕ ತೂಕ ನೆನೆದರೆ, ಆ ಮಾತಾಡುವ ಕಡೆಯೇ ಹೋಗಿ ಕೂರುವುದು ಜಾಣತನವೆಂದೇ ನನಗೆ ತೋರುತ್ತದೆ.

2021ರಲ್ಲಿ ಫಿಡಾದ ಹಿಂದಿನ ಅಧ್ಯಕ್ಷೆ ಮಾರ್ಥಾ ಕೂಮೆ ಕೀನ್ಯಾದ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿಯಾದರು. 2023ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ವೈವಾಹಿಕ ಆಸ್ತಿಯ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡಿತು. ಈ ಸಲ ಎದುರಿಗಿದ್ದದ್ದು ನಿಜವಾದ ಒಂದು ದಂಪತಿಯ ಜಗಳ. ಫಿಡಾ ಅಮಿಕಸ್ ಕ್ಯೂರಿಯಾಗಿ, ಅಂದರೆ ಕೋರ್ಟಿಗೆ ನೆರವಾಗುವ ಹೊರಗಿನವರಾಗಿ, ವಾದಿಸಿತು. ಸಮಾನತೆ ಎಂದರೆ ತಾನಾಗಿ ಅರ್ಧ ಪಾಲಲ್ಲ, ಕೊಡುಗೆಯನ್ನು ಸಾಬೀತು ಮಾಡಬೇಕು ಎಂದೇ ಕೋರ್ಟ್ ಹೇಳಿತು. ಆದರೆ ಹೆಂಡತಿ ತನ್ನ ಕೊಡುಗೆಯನ್ನು ಸಾಕ್ಷ್ಯದಿಂದ ತೋರಿಸಿದ್ದ ಆ ದಾವೆಯಲ್ಲಿ ಸರಿಪಾಲನ್ನು ಎತ್ತಿಹಿಡಿಯಿತು. ಭಾರತದಲ್ಲಿ, ಗೋವಾ ಬಿಟ್ಟರೆ, ಮದುವೆಯ ಕಾಲದಲ್ಲಿ ಗಂಡನ ಹೆಸರಿಗೆ ಕೊಂಡ ಆಸ್ತಿಯಲ್ಲಿ ವಿಚ್ಛೇದಿತೆಗೆ ಪಾಲು ಕೊಡುವ ಇಂಥ ಕಾನೂನೇ ಇಲ್ಲ. ಅವಳಿಗೆ ಸಿಗುವುದು ಜೀವನಾಂಶ. ಆ ಲೆಕ್ಕದಲ್ಲಿ ಕೀನ್ಯಾ ನಮಗಿಂತ ಮುಂದಿದೆ. ಆದರೆ ಸಾಬೀತಿನ ಹೊರೆ ಹೊತ್ತವಳು ನೀರಿನ ಕೊಡಕ್ಕೆ ರಸೀದಿ ಎಲ್ಲಿಂದ ತರಬೇಕು? ಅಕ್ಕಪಕ್ಕದವರ ಸಾಕ್ಷ್ಯ, ಬೆಳೆ ಮಾರಿದ ಚೀಟಿ, ಮಹಿಳಾ ಗುಂಪಿನ ಸಾಲದ ಪುಸ್ತಕ, ಮಕ್ಕಳ ಶಾಲೆಯ ದಾಖಲೆಯಲ್ಲಿ ಅವಳು ಹಾಕಿದ ಸಹಿ, ಇವೆಲ್ಲ ಪುರಾವೆಯಾಗಿ ನಿಲ್ಲುತ್ತವೆ ಎಂದು ಹಳ್ಳಿಯ ಹೆಂಗಸರಿಗೆ ಮದುವೆ ಮುರಿಯುವ ಮುಂಚೆಯೇ ಹೇಳಿಕೊಡುವ ಕೆಲಸವನ್ನು ಫಿಡಾ ಈಗ ತನ್ನ ದೊಡ್ಡ ಅರ್ಜಿಗಳಷ್ಟೇ ಶ್ರದ್ಧೆಯಿಂದ ಮಾಡಬೇಕು.