ತೀವ್ರ ನಿಗಾ ಶುಶ್ರೂಷೆಯ ಪರೀಕ್ಷೆ: ಬದಲಾದದ್ದೇನು, ಬಾಕಿ ಉಳಿದದ್ದೇನು?

ಹೊಳೆನರಸೀಪುರದಿಂದ ಹಾಸನಕ್ಕೆ ಒಬ್ಬ ರೋಗಿಯನ್ನು ಆಂಬುಲೆನ್ಸಿನಲ್ಲಿ ಸಾಗಿಸಬೇಕಾಗಿದೆ ಎಂದಿಟ್ಟುಕೊಳ್ಳೋಣ. ದೂರ ಸುಮಾರು 30 ಕಿ.ಮೀ. ರೋಗಿಗೆ ನಿಮಿಷಕ್ಕೆ 10 ಲೀಟರಿನಂತೆ ಆಕ್ಸಿಜನ್ ಕೊಡಬೇಕು. ವಾಹನದಲ್ಲಿರುವ ಸಿಲಿಂಡರಿನ ಒಳಗಾತ್ರ 10 ಲೀಟರ್. ಗೇಜಿನ ಮುಳ್ಳು 50 ಬಾರ್ ತೋರಿಸುತ್ತಿದೆ. ಜೊತೆಯಲ್ಲಿ ಹೋಗುವ ನರ್ಸ್ ಹೊರಡಬಹುದೇ, ಅಥವಾ ಬೇರೆ ಸಿಲಿಂಡರ್ ಕೇಳಬೇಕೇ?

ಓದುಗರು ಒಂದು ನಿಮಿಷ ನಿಂತು ಲೆಕ್ಕ ಮಾಡಿ ನೋಡಿ. ಬಾಯ್ಲ್ ನಿಯಮದ ಪ್ರಕಾರ ಒತ್ತಡ ಮತ್ತು ಗಾತ್ರದ ಗುಣಲಬ್ಧ ಸ್ಥಿರ. 50 ಬಾರ್‌ನಲ್ಲಿ 10 ಲೀಟರ್ ಇರುವ ಅನಿಲ ವಾಯುಮಂಡಲದ ಒತ್ತಡಕ್ಕೆ ಬಂದಾಗ ಸುಮಾರು 500 ಲೀಟರ್ ಆಗುತ್ತದೆ. ನಿಮಿಷಕ್ಕೆ 10 ಲೀಟರಿನಂತೆ ಅದು 50 ನಿಮಿಷಕ್ಕೆ ಮುಗಿಯುತ್ತದೆ. ಪ್ರಯಾಣಕ್ಕೆ ಮುಕ್ಕಾಲು ಗಂಟೆ, ರೋಗಿಯನ್ನು ಹತ್ತಿಸಿ ಇಳಿಸಲು ಒಂದಿಷ್ಟು ಹೊತ್ತು, ದಾರಿಯಲ್ಲಿ ರೈಲ್ವೆ ಗೇಟು ಬಿದ್ದಿದ್ದರೆ ಇನ್ನೊಂದಿಷ್ಟು. ಆದ್ದರಿಂದ ಉತ್ತರ: ಹೊರಡಬಾರದು. ಇದು ಪಿಯುಸಿಯ ಲೆಕ್ಕ, ಆದರೆ ಇಲ್ಲಿ ಅಂಕದ ಬದಲು ಒಂದು ಜೀವವಿದೆ.

ತೀವ್ರ ನಿಗಾ ಶುಶ್ರೂಷೆಯಲ್ಲಿ ಅರ್ಹತೆ ಪಡೆಯುವ ಪರೀಕ್ಷೆಗಳು ಈಚಿನ ವರ್ಷಗಳಲ್ಲಿ ಬದಲಾಗಿವೆ. ಆ ಬದಲಾವಣೆಗಳು ಇಂಥ ಪ್ರಶ್ನೆಯನ್ನು ಸರಿಯಾಗಿ ಕೇಳಲು ಶಕ್ತವೇ ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಮೊದಲು ಬದಲಾವಣೆಯ ಸ್ವರೂಪ. ಭಾರತೀಯ ನರ್ಸಿಂಗ್ ಕೌನ್ಸಿಲ್ಲಿನ ಪರಿಷ್ಕೃತ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮ 2021ರಲ್ಲಿ ಗೆಜೆಟ್ಟಿನಲ್ಲಿ ಪ್ರಕಟವಾಯಿತು. ವಾರ್ಷಿಕ ಪದ್ಧತಿ ಹೋಗಿ ಎಂಟು ಸೆಮಿಸ್ಟರುಗಳು ಬಂದವು. ಲಿಖಿತ ಪತ್ರಿಕೆಯಲ್ಲಿ ಬಹು ಆಯ್ಕೆಯ ಪ್ರಶ್ನೆಗಳ ಜೊತೆಗೆ ಸನ್ನಿವೇಶ ಆಧಾರಿತ ಪ್ರಶ್ನೆಗಳಿಗೂ ಜಾಗ ದೊರೆಯಿತು. ಪ್ರಾಯೋಗಿಕ ಪರೀಕ್ಷೆಯಲ್ಲಿ ‘ಓಸ್ಕಿ’ ಎಂಬ ವಿಧಾನಕ್ಕೆ ಸ್ಥಾನ ಸಿಕ್ಕಿತು. ಬಿ.ಎಸ್ಸಿ. ನಂತರದ ಮಟ್ಟದಲ್ಲಿ ತೀವ್ರ ನಿಗಾ ಕ್ಷೇತ್ರಕ್ಕೆಂದೇ ಎರಡು ವರ್ಷಗಳ ‘ನರ್ಸ್ ಪ್ರಾಕ್ಟೀಷನರ್’ ಸ್ನಾತಕೋತ್ತರ ಕೋರ್ಸು ರೂಪುಗೊಂಡಿತು. ಅದರಲ್ಲಿ ತರಗತಿಗಿಂತ ವಾರ್ಡಿನ ಕೆಲಸಕ್ಕೆ ಹೆಚ್ಚಿನ ಪ್ರಾಧಾನ್ಯ. ಬಾಯಿಪಾಠದಿಂದ ಕೆಲಸದ ಕಡೆಗೆ ಹೊರಳಿದ ಈ ದಿಕ್ಕು ಸರಿಯಾದುದು. ಅದರ ಬಗ್ಗೆ ನನ್ನ ತಕರಾರಿಲ್ಲ.

ಓಸ್ಕಿ ಎಂದರೇನು? ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಹೋದ್ಯೋಗಿಗಳು 1975ರಲ್ಲಿ ಪ್ರಕಟಿಸಿದ ವಿಧಾನ ಇದು. ವಿದ್ಯಾರ್ಥಿಗಳು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸರದಿಯಂತೆ ಹೋಗುತ್ತಾರೆ. ಪ್ರತಿ ಮೇಜಿನಲ್ಲೂ ಒಂದು ನಿಗದಿತ ಕೆಲಸ, ನಿಗದಿತ ಕಾಲ. ಪರೀಕ್ಷಕರ ಕೈಯಲ್ಲಿ ಒಂದು ಪಟ್ಟಿ. ಮಾಡಿದ್ದಕ್ಕೆ ಗುರುತು, ಬಿಟ್ಟದ್ದಕ್ಕೆ ಸೊನ್ನೆ. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಅಳತೆಗೋಲು. ಹಳೆಯ ವೈವಾದಲ್ಲಿ ಪರೀಕ್ಷಕರ ಮನಃಸ್ಥಿತಿಯ ಮೇಲೆ ಅಂಕ ಏರಿಳಿಯುತ್ತಿದ್ದುದನ್ನು ನೆನೆದರೆ ಇದು ದೊಡ್ಡ ಸುಧಾರಣೆ.

ಆದರೆ ಇದರಲ್ಲಿ ಒಂದು ಕೊರತೆಯಿದೆ. ಪಟ್ಟಿ ಕ್ರಿಯೆಯನ್ನು ಅಳೆಯುತ್ತದೆ, ಕಾರಣವನ್ನು ಅಳೆಯುವುದಿಲ್ಲ. ಒಂದು ಉದಾಹರಣೆ ನೋಡಿ. ತೀವ್ರ ನಿಗಾ ಘಟಕದಲ್ಲಿ ರೋಗಿಯ ಅಪಧಮನಿಯೊಳಗೆ ಸಣ್ಣ ಕೊಳವೆ ಇರಿಸಿ, ದ್ರವ ತುಂಬಿದ ನಳಿಕೆಯ ಮೂಲಕ ಒತ್ತಡವನ್ನು ಒಂದು ಸಂವೇದಕಕ್ಕೆ ಮುಟ್ಟಿಸುತ್ತಾರೆ. ಸಂವೇದಕ ಹೃದಯದ ಮಟ್ಟದಲ್ಲಿರಬೇಕು. ಪಟ್ಟಿಯಲ್ಲಿ ‘ಸಂವೇದಕವನ್ನು ಹೃದಯದ ಮಟ್ಟಕ್ಕೆ ಹೊಂದಿಸಿದರು’ ಎಂಬ ಸಾಲು ಇರುತ್ತದೆ. ಅಭ್ಯಾಸ ಮಾಡಿದ ವಿದ್ಯಾರ್ಥಿನಿ ಹೊಂದಿಸುತ್ತಾಳೆ, ಅಂಕ ಪಡೆಯುತ್ತಾಳೆ. ಮರುದಿನ ವಾರ್ಡಿನಲ್ಲಿ ಯಾರೋ ಹಾಸಿಗೆಯನ್ನು 10 ಸೆಂ.ಮೀ. ಮೇಲಕ್ಕೆತ್ತುತ್ತಾರೆ. ಕಂಬಕ್ಕೆ ಕಟ್ಟಿದ ಸಂವೇದಕ ಇದ್ದಲ್ಲೇ ಇರುತ್ತದೆ. ಈಗ ಏನಾಗುತ್ತದೆ?

10 ಸೆಂ.ಮೀ. ನೀರಿನ ಕಂಬದ ಒತ್ತಡ ಎಂದರೆ 100 ಮಿ.ಮೀ. ಅನ್ನು ಪಾದರಸದ ಸಾಪೇಕ್ಷ ಸಾಂದ್ರತೆ 13.6ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 7.4 ಮಿ.ಮೀ. ಪಾದರಸ. ಸಂವೇದಕ ಹೃದಯಕ್ಕಿಂತ ಕೆಳಗಿರುವುದರಿಂದ ಪರದೆಯ ಅಂಕಿ ಅಷ್ಟು ಹೆಚ್ಚಾಗುತ್ತದೆ. ಸೋಂಕಿನಿಂದ ಆಘಾತಕ್ಕೊಳಗಾದ ರೋಗಿಯಲ್ಲಿ ಸರಾಸರಿ ರಕ್ತದೊತ್ತಡವನ್ನು 65 ಮಿ.ಮೀ. ಪಾದರಸದ ಮಟ್ಟದಲ್ಲಿ ಉಳಿಸಿಕೊಳ್ಳುವುದು ಆರಂಭದ ಗುರಿ ಎಂದು ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ನಿಜವಾದ ಒತ್ತಡ 60 ಇದ್ದರೂ ಪರದೆ 67 ಎನ್ನುತ್ತದೆ. ಎಚ್ಚರಿಕೆಯ ಗಂಟೆ ಬಾರಿಸುವುದಿಲ್ಲ. ಔಷಧಿಯ ಪ್ರಮಾಣವನ್ನು ಯಾರೂ ಹೆಚ್ಚಿಸುವುದಿಲ್ಲ. ಯಂತ್ರ ಕೆಟ್ಟಿಲ್ಲ, ನರ್ಸ್ ಅಸಡ್ಡೆ ಮಾಡಿಲ್ಲ, ಪರೀಕ್ಷೆಯಲ್ಲಿ ಪೂರ್ಣಾಂಕವೂ ಬಂದಿದೆ. ಕಾಣೆಯಾದದ್ದು ದ್ರವಸ್ತಂಭದ ಒತ್ತಡದ ಅರಿವು ಮಾತ್ರ.

‘ಈಗ ಪಂಪು, ಮಾನಿಟರು ಎಲ್ಲವೂ ತಾವೇ ಲೆಕ್ಕ ಮಾಡುತ್ತವೆ, ನರ್ಸಿಗೆ ಭೌತಶಾಸ್ತ್ರವೇಕೆ?’ ಎಂದು ಕೆಲವರು ಕೇಳಬಹುದು. 50 ಮಿ.ಲೀ. ದ್ರಾವಣದಲ್ಲಿ 4 ಮಿ.ಗ್ರಾಂ. ನಾರ್‌ಅಡ್ರಿನಲಿನ್ ಇದೆ ಎನ್ನಿ. 60 ಕಿ.ಗ್ರಾಂ. ತೂಕದ ರೋಗಿಗೆ ಪ್ರತಿ ಕಿಲೋಗೆ ನಿಮಿಷಕ್ಕೆ 0.1 ಮೈಕ್ರೋಗ್ರಾಂ ಕೊಡಬೇಕಾದರೆ ಪಂಪಿನ ವೇಗ ಗಂಟೆಗೆ 4.5 ಮಿ.ಲೀ. ದಶಮಾಂಶ ಬಿಂದು ಒಂದು ಸ್ಥಾನ ಜಾರಿದರೆ 45. ಪಂಪು ತನಗೆ ಕೊಟ್ಟ ಅಂಕಿಯನ್ನು ಪಾಲಿಸುತ್ತದೆ. ಆ ಅಂಕಿ ಅಸಂಭವವಾದುದು ಎಂದು ಒಂದು ನೋಟಕ್ಕೆ ಅನ್ನಿಸಬೇಕಾದದ್ದು ಮನುಷ್ಯರಿಗೆ. ಆ ಅನ್ನಿಸಿಕೆ ಏಕಮಾನಗಳ ಅಭ್ಯಾಸದಿಂದ ಬರುತ್ತದೆ.

ಇಲ್ಲಿ ಒಂದು ಸಂಗತಿ ಗಮನಾರ್ಹ. ಸೇವೆಯಲ್ಲಿರುವ ಡಿಪ್ಲೊಮಾ ನರ್ಸುಗಳಿಗಾಗಿ ಕೌನ್ಸಿಲ್ ಹಿಂದೆ ರೂಪಿಸಿದ್ದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಪಠ್ಯಕ್ರಮದಲ್ಲಿ ಜೀವಭೌತಶಾಸ್ತ್ರ ಎಂಬ ಭಾಗವಿತ್ತು. ಏಕಮಾನ, ಗುರುತ್ವ, ಒತ್ತಡ, ವಿದ್ಯುತ್ತು ಮುಂತಾದವನ್ನು ಶುಶ್ರೂಷೆಗೆ ಅನ್ವಯಿಸಿ ಕಲಿಸುವ ಉದ್ದೇಶ ಅದರದು. 2021ರ ಬಿ.ಎಸ್ಸಿ. ಪಠ್ಯಕ್ರಮದ ಮೊದಲ ವರ್ಷದಲ್ಲಿ ಅನ್ವಯಿಕ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರ, ಮಾಹಿತಿ ತಂತ್ರಜ್ಞಾನ ಎಲ್ಲವೂ ಇವೆ. ಭೌತಶಾಸ್ತ್ರ ಪ್ರತ್ಯೇಕ ವಿಷಯವಾಗಿ ಇಲ್ಲ. ಪ್ರವೇಶಕ್ಕೆ ಮಾತ್ರ ಪಿಯುಸಿಯಲ್ಲಿ ಭೌತಶಾಸ್ತ್ರ ಓದಿರಬೇಕು. ಬಾಗಿಲಲ್ಲಿ ಕೇಳಿದ್ದನ್ನು ಒಳಗೆ ಬಳಸದಿದ್ದರೆ ಅದು ಉಳಿಯುವುದು ಹೇಗೆ?

ಹೊಸ ವಿಷಯ ಸೇರಿಸಿ ಹೊರೆ ಹೆಚ್ಚಿಸಬೇಕೆಂದು ನಾನು ಹೇಳುತ್ತಿಲ್ಲ. ಪರೀಕ್ಷೆಯನ್ನು ತಿದ್ದಿದರೆ ಸಾಕು. ಅಮೆರಿಕದಲ್ಲಿ ನರ್ಸುಗಳ ಪರವಾನಗಿ ಪರೀಕ್ಷೆಯಾದ ಎನ್‌ಕ್ಲೆಕ್ಸ್ 2023ರ ಏಪ್ರಿಲ್ 1ರಿಂದ ಹೊಸ ರೂಪಕ್ಕೆ ಬಂದಿತು. ವಿದೇಶಕ್ಕೆ ಹೋಗಬಯಸುವ ನಮ್ಮ ನರ್ಸುಗಳಿಗೂ ಇದು ಪರಿಚಿತ. ಅದರ ಒಂದು ಬಗೆಯ ಪ್ರಶ್ನೆಯಲ್ಲಿ ತೀರ್ಮಾನ ಮತ್ತು ಕಾರಣ ಜೋಡಿಯಾಗಿರುತ್ತವೆ. ಎರಡೂ ಸರಿಯಿದ್ದರೆ ಮಾತ್ರ ಅಂಕ. ಊಹಿಸಿ ಸರಿ ಉತ್ತರ ಮುಟ್ಟಿದವರಿಗೆ ಇಲ್ಲ. ಅಲ್ಲಿಯ ತೀವ್ರ ನಿಗಾ ನರ್ಸುಗಳ ಸಂಘ ನಡೆಸುವ ಸಿಸಿಆರ್‌ಎನ್ ಎಂಬ ಅರ್ಹತಾ ಪರೀಕ್ಷೆಯಲ್ಲೂ ಕಲಿಯಬೇಕಾದದ್ದಿದೆ. ಘಟಕಗಳಲ್ಲಿ ನರ್ಸುಗಳು ದಿನನಿತ್ಯ ನಿಜವಾಗಿ ಏನು ಮಾಡುತ್ತಾರೆ ಎಂಬ ಸಮೀಕ್ಷೆಯ ಆಧಾರದ ಮೇಲೆ ಅದರ ವಿಷಯಪಟ್ಟಿಯನ್ನು ಆಗಾಗ ಪರಿಷ್ಕರಿಸುತ್ತಾರೆ.

ನಮ್ಮ ಪರೀಕ್ಷೆಗೂ ಈ ಎರಡು ಗುಣಗಳು ಬೇಕು. ಓಸ್ಕಿಯ ಮೇಜಿನಲ್ಲಿ ಪರೀಕ್ಷಕರು ಹಾಸಿಗೆಯನ್ನು ಸ್ವಲ್ಪ ಎತ್ತಿ ‘ಈಗ ಓದು ಹೆಚ್ಚೋ ಕಡಿಮೆಯೋ, ಏಕೆ?’ ಎಂದು ಕೇಳಲಿ. ಕಾರಣ ಹೇಳಿದರೆ ಮಾತ್ರ ಆ ಅಂಕ ಸಿಗಲಿ. ಪಟ್ಟಿಯನ್ನು ಬಾಯಿಪಾಠ ಮಾಡಿದವರೂ ತಿಳಿದು ಮಾಡಿದವರೂ ಅಲ್ಲಿ ಬೇರೆಯಾಗುತ್ತಾರೆ. ಇನ್ನು ಸಮೀಕ್ಷೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ನಿಲ್ಲದೆ ಅರಕಲಗೂಡು, ಚನ್ನರಾಯಪಟ್ಟಣಗಳಿಗೂ ಬರಲಿ. ಕೋವಿಡ್ ಕಾಲದಲ್ಲಿ, ಅಂದರೆ 2020 ಮತ್ತು 2021ರಲ್ಲಿ, ತಾಲ್ಲೂಕು ಆಸ್ಪತ್ರೆಗಳಿಗೂ ವೆಂಟಿಲೇಟರುಗಳು ಬಂದವು. ಅಲ್ಲಿ ಪಕ್ಕದಲ್ಲಿ ಕೇಳಲು ತಜ್ಞರು ಸದಾ ಇರುವುದಿಲ್ಲ. ಮುಳ್ಳನ್ನು ನೋಡಿ ನಿರ್ಧರಿಸಬೇಕಾದವರು ಬಹಳಷ್ಟು ಸಲ ಒಬ್ಬರೇ ಇರುತ್ತಾರೆ.

ಕೊನೆಗೆ ನಮ್ಮ ಪಾಲಿನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಬಾಯ್ಲ್ ನಿಯಮವನ್ನು ನಾವು ಭೌತಶಾಸ್ತ್ರದ ಅಧ್ಯಾಪಕರು ವರ್ಷವರ್ಷವೂ ಕರಿಹಲಗೆಯ ಮೇಲೆ ಒಂದು ವಕ್ರರೇಖೆಯಾಗಿ ಎಳೆದು ಅಳಿಸುತ್ತೇವೆ. ಆ ರೇಖೆಯ ಮೇಲೆ ಒಂದು ಆಂಬುಲೆನ್ಸ್ ಓಡುತ್ತಿದೆ ಎಂದು ಹೇಳುವುದಿಲ್ಲ. ಅಧ್ಯಾಪಕ ಮಿತ್ರರೇ, ಮುಂದಿನ ಕಿರುಪರೀಕ್ಷೆಯಲ್ಲಿ ಮೇಲಿನ ಸಿಲಿಂಡರಿನ ಪ್ರಶ್ನೆಯನ್ನೇ ಕೇಳಿ. ಆಕ್ಸಿಜನ್ನಿನ ವೇಗವನ್ನು 15 ಲೀಟರಿಗೆ ಏರಿಸಿ, ದೂರವನ್ನು ನಿಮ್ಮ ಊರಿನಿಂದ ಜಿಲ್ಲಾ ಕೇಂದ್ರಕ್ಕೆ ಬದಲಾಯಿಸಿ. ಉತ್ತರದ ಜೊತೆ ಕಾರಣವನ್ನೂ ಬರೆಸಿ. ನಿಮ್ಮ ತರಗತಿಯಲ್ಲಿ ಕುಳಿತವರಲ್ಲಿ ಯಾರಾದರೂ ಒಬ್ಬರು ಮುಂದೆ ಆ ವಾಹನದಲ್ಲಿ ರೋಗಿಯ ಪಕ್ಕ ಕೂರಲಿದ್ದಾರೆ.