ಲಾಯದ ಕೋಣೆ, ಕೊಬ್ಬರಿ ಅಟ್ಟ

ಒಂದು ಕೆಂಪು ಶಾಯಿಯ ಪದದಿಂದ ಈ ಮಾತು ಶುರು ಮಾಡಬೇಕಾಗಿದೆ. ಪದ ‘ಅಪ್ರಸ್ತುತ’. ತಿಪಟೂರು ಸೀಮೆಯ ಕಾಲೇಜೊಂದರಲ್ಲಿ ನಾವು ಬಿ.ಎ. ಓದುತ್ತಿದ್ದಾಗ ನಮ್ಮ ಹಾಸ್ಟೆಲ್ಲಿನ ಗೆಳೆಯನೊಬ್ಬನ ಉತ್ತರಪತ್ರಿಕೆಯ ಅಂಚಿನಲ್ಲಿ ಅದನ್ನು ಬರೆಯಲಾಗಿತ್ತು. ಪಾಠಕ್ಕೆ ಇಟ್ಟಿದ್ದ ಪುಸ್ತಕ ಜಾನ್ ಸ್ಟೈನ್‌ಬೆಕ್‌ನ ‘ಆಫ್ ಮೈಸ್ ಅಂಡ್ ಮೆನ್’. ಪ್ರಶ್ನೆ: ಕ್ರೂಕ್ಸ್‌ನ ಒಂಟಿತನವನ್ನು ಕುರಿತು ಬರೆಯಿರಿ. ಗೆಳೆಯ ಬರೆದಿದ್ದ: ಕ್ರೂಕ್ಸ್ ಒಂಟಿಯಲ್ಲ, ಅವನನ್ನು ಹೊರಗಿಟ್ಟಿದ್ದಾರೆ, ತುರುವೇಕೆರೆ ಕಡೆ ತೋಟಗಳಲ್ಲಿ ನಮ್ಮಪ್ಪನನ್ನು ಇಟ್ಟ ಹಾಗೆ. ಹತ್ತಕ್ಕೆ ಮೂರು ಅಂಕ ಬಂತು.

ಪುಸ್ತಕ ಓದದ ಗೆಳೆಯರಿಗಾಗಿ ಕತೆ ಹೇಳಿಬಿಡ್ತೀವಿ. 1937ರಲ್ಲಿ ಬಂದ ಸಣ್ಣ ಕಾದಂಬರಿ. ಕ್ಯಾಲಿಫೋರ್ನಿಯಾದಲ್ಲಿ ಊರೂರು ತಿರುಗಿ ದೊಡ್ಡ ಜಮೀನುಗಳಲ್ಲಿ ಕೂಲಿ ಮಾಡುವ ಇಬ್ಬರು, ಜಾರ್ಜ್ ಮತ್ತು ಲೆನ್ನಿ. ಲೆನ್ನಿಗೆ ಆನೆ ಬಲ, ಮಗುವಿನ ಬುದ್ಧಿ. ಇಬ್ಬರಿಗೂ ಒಂದೇ ಕನಸು: ನಮ್ಮದೇ ಒಂದು ತುಂಡು ನೆಲ, ಒಂದು ಮನೆ, ಸಾಕಿದ ಮೊಲಗಳು. ಕೈ ಕಳಕೊಂಡ ಮುದುಕ ಕ್ಯಾಂಡಿ ತನ್ನ ಪರಿಹಾರದ ಹಣ ಹಾಕ್ತೀನಿ ಅಂದಾಗ ಕನಸು ಕೈಗೆ ಸಿಕ್ಕಿತು ಅನ್ನಿಸುತ್ತೆ. ಲೆನ್ನಿಯ ಕೈಯಲ್ಲಿ ಧಣಿಯ ಸೊಸೆ ಸಾಯ್ತಾಳೆ. ಅಟ್ಟಿಸಿಕೊಂಡು ಬರುವವರ ಕೈಗೆ ಸಿಗದಿರಲಿ ಅಂತ ಜಾರ್ಜ್ ತಾನೇ ಗೆಳೆಯನಿಗೆ ಗುಂಡು ಹಾಕ್ತಾನೆ.

ಮೇಷ್ಟ್ರು ಕೆಟ್ಟವರಲ್ಲ. ಸ್ನೇಹದ ಬಗ್ಗೆ ಹೇಳುವಾಗ ಅವರ ಗಂಟಲು ಕಟ್ಟುತ್ತಿತ್ತು. ಆದರೆ ನಾಲ್ಕನೆಯ ಅಧ್ಯಾಯ ಬಂದಾಗ ಅವರ ಬಾಯಿಗೆ ಬಂದದ್ದು ನವ್ಯರ ಮಾತು: ಅನಾಥಪ್ರಜ್ಞೆ, ಪರಕೀಯತೆ, ಮನುಷ್ಯನ ಮೂಲಭೂತ ಏಕಾಕಿತನ. ನಾವು ಅದನ್ನು ನೋಟ್ಸ್ ಬರಕೊಂಡೆವು. ಬೆಂಗಳೂರು, ಮೈಸೂರಿನ ಕೋಣೆಯಲ್ಲಿ ಕೂತು ತಲೆಬೇನೆ ಮಾಡಿಕೊಂಡವನಿಗೂ, ಕರಿಯ ಅನ್ನುವ ಕಾರಣಕ್ಕೇ ಉಳಿದ ಕೂಲಿಗಳ ಜೊತೆ ಮಲಗಲು ಬಿಡದೆ ಲಾಯದ ಪಕ್ಕದ ಕೋಣೆಗೆ ಅಟ್ಟಿದವನಿಗೂ ಒಂದೇ ಪದ!

ಕ್ರೂಕ್ಸ್ ಬೆನ್ನು ಮುರಿದ ಕರಿಯ. ಕುದುರೆ ನೋಡಿಕೊಳ್ಳುವುದು ಅವನ ಕೆಲಸ. ಅವನಿರುವುದು ಜೀನು, ಹಗ್ಗ, ಪಟ್ಟಿ ಇಡುವ ಕೋಣೆಯಲ್ಲಿ. ಕುದುರೆಯ ಔಷಧಿ, ಅವನ ಔಷಧಿ ಎಲ್ಲ ಅಲ್ಲೇ. ಬಿಳಿ ಕೂಲಿಗಳ ಬಿಡಾರದಲ್ಲಿ ಇಸ್ಪೀಟು ನಡೆಯುತ್ತೆ, ಇವನಿಗೆ ಪ್ರವೇಶವಿಲ್ಲ, ನಾರ್ತೀಯ ಅಂತಾರೆ. ಒಂದು ಕ್ರಿಸ್ಮಸ್ ರಾತ್ರಿ ಮಾತ್ರ ಒಳಕ್ಕೆ ಬಿಟ್ಟಿದ್ದರಂತೆ. ಇಲ್ಲಿ ಗಮನಿಸಬೇಕಾದ್ದು, ಅವನನ್ನು ಹೊರಗಿಟ್ಟವರೂ ಕೂಲಿಗಳೇ. ಅವರಿಗೂ ನೆಲವಿಲ್ಲ, ನಾಳೆ ಎಲ್ಲಿ ಅಂತ ಗೊತ್ತಿಲ್ಲ. ಬಡವರೆಲ್ಲ ಒಂದೇ ಅನ್ನುವ ನಮ್ಮ ಕೆಲವು ಕಾಮ್ರೇಡ್ ಗೆಳೆಯರು ಈ ಅಧ್ಯಾಯವನ್ನು ಎರಡು ಸಲ ಓದಬೇಕು.

ಈಗ ನಮ್ಮ ಸೀಮೆಗೆ ಬನ್ನಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಮೂರೂ ತಾಲ್ಲೂಕು ತೆಂಗು. ತಿಪಟೂರಿನ ಉಂಡೆ ಕೊಬ್ಬರಿ ದೇಶಕ್ಕೇ ಹೆಸರುವಾಸಿ. ಬಲಿತ ಕಾಯಿಯನ್ನು ಕೆಡವಿ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳಲ್ಲಿ ಒಳಗಿನ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು ಅಲ್ಲಾಡುತ್ತೆ. ಆಮೇಲೆ ಸುಲಿದು, ಕರಟ ಒಡೆದು, ಉಂಡೆ ತೆಗೆದು ಮಾರ್ಕೆಟ್ಟಿಗೆ. ಕಾಯಿ ಕೆಡವಿದವನು, ಹೊತ್ತವನು, ಸುಲಿದವಳು ಕೇರಿಯವರು. ನಾವು ಕಂಡ ಹಳೇ ಮನೆಗಳಲ್ಲಿ ಅಟ್ಟ ಇದ್ದದ್ದು ಮನೆಯ ಒಳಗೆ. ಕಾಯಿ ಒಳಗೆ ಹೋಗುತ್ತಿತ್ತು. ಹೊತ್ತು ತಂದ ನಮ್ಮಪ್ಪ ಜಗಲಿ ಕೆಳಗೆ ಕುಕ್ಕೆ ಇಳಿಸಿ ನಿಲ್ಲುತ್ತಿದ್ದ, ಒಳಗಿನವರು ಬಂದು ಎತ್ತಿಕೊಳ್ಳೋರು. ಕಾಫಿ ಕೊಟ್ಟರೆ ಕರಟದಲ್ಲಿ. ತೆಂಗಿನ ಸೀಮೆಯಲ್ಲಿ ಕರಟಕ್ಕೇನು ಬರ? ಕುಡಿದು ತೊಳೆದು ಗೋಡೆಯ ಸಂದಿಗೆ ಸಿಕ್ಕಿಸಿ ಬರಬೇಕು, ನಾಳೆಗೂ ಅದೇ.

ಕ್ರೂಕ್ಸ್‌ನ ಕೋಣೆಯಲ್ಲಿ ಪುಸ್ತಕಗಳಿವೆ. ಒಂದು ಹರಿದ ಡಿಕ್ಷನರಿ, ಓದಿ ಓದಿ ಜೀರ್ಣವಾದ 1905ರ ಕ್ಯಾಲಿಫೋರ್ನಿಯಾ ಸಿವಿಲ್ ಕೋಡ್. ಮೇಷ್ಟ್ರು ಇದನ್ನು ಒಂದು ‘ಡೀಟೇಲ್’ ಅಂದು ಮುಂದೆ ಹೋದರು. ನಮಗೆ ಅಲ್ಲೇ ಕಾಲು ಸಿಕ್ಕಿಕೊಂಡಿತು. ಧಣಿಯ ಸೊಸೆ ತನ್ನ ಕೋಣೆಗೆ ನುಗ್ಗಿದಾಗ, ಇಲ್ಲಿಗೆ ಬರುವ ಹಕ್ಕು ನಿನಗಿಲ್ಲ ಅಂತ ಅವನು ಹೇಳ್ತಾನೆ. ಕಾನೂನು ಓದಿದವನ ಮಾತು ಅದು. ಅವಳು ಒಂದೇ ಮಾತಲ್ಲಿ ಉತ್ತರ ಕೊಡ್ತಾಳೆ: ನಾನು ಬಾಯಿ ಬಿಟ್ಟರೆ ನಿನ್ನನ್ನು ಮರಕ್ಕೆ ನೇತುಹಾಕ್ತಾರೆ. ಅವನು ಗೋಡೆಗೆ ಅಂಟಿ ಸಣ್ಣಗಾಗಿಬಿಡ್ತಾನೆ. ಕೋಡ್ ಶೆಲ್ಫಿನಲ್ಲೇ ಇರುತ್ತೆ. ನಮ್ಮ ದೇಶದಲ್ಲೂ 1955ರಲ್ಲೇ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಬಂದಿತ್ತು. ಕರಟ ಗೋಡೆಯ ಸಂದಿಯಲ್ಲೇ ಇತ್ತು. ಇದು ಅಪ್ರಸ್ತುತವಾದರೆ ಪ್ರಸ್ತುತ ಯಾವುದು ಸಾರ್?

1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚು ಅಂದದ್ದಕ್ಕೆ ಮಂತ್ರಿಗಿರಿಯನ್ನೇ ಬಿಡಬೇಕಾಯಿತು. ಬೂಸಾ ಪುಸ್ತಕದಲ್ಲೇ ಇರಬೇಕಂತೇನಿಲ್ಲ. ಒಳ್ಳೇ ಕಾಳನ್ನೂ ಪಾಠದಲ್ಲಿ ಬೂಸಾ ಮಾಡಬಹುದು.

ಅದೇ ವರ್ಷ ಕನ್ನಡ ಪತ್ರಿಕೆಗೆ ಕಾರಂತರ ‘ಚೋಮನ ದುಡಿ’ (1933) ಇತ್ತು. ಎರಡೂ ಪಾಠ ಒಂದೇ ಗೋಡೆಯ ಆಚೆ ಈಚೆ ನಡೆಯುತ್ತಿದ್ದರೂ ಯಾರೂ ಅವನ್ನು ಜೋಡಿಸಲಿಲ್ಲ. ಚೋಮನದ್ದೂ ಅದೇ ಕನಸು, ಒಂದು ತುಂಡು ನೆಲ. ಸಾಲ ತೀರಿಸಲು ಅವನ ಮಕ್ಕಳೂ ಘಟ್ಟದ ಕಾಫಿ ತೋಟಕ್ಕೆ ಕೂಲಿ ಹೋಗ್ತಾರೆ. ಆದರೆ ಜಾರ್ಜ್‌ಗೆ ಬೇಕಾದದ್ದು ಆರುನೂರು ಡಾಲರ್. ಕೂಡಿಸಿದ್ದರೆ ಬಿಳಿಯನಿಗೆ ನೆಲ ಮಾರಲ್ಲ ಅನ್ನೋರು ಯಾರೂ ಇರಲಿಲ್ಲ. ಚೋಮನ ಹತ್ತಿರ ಸ್ವಂತ ಎತ್ತೇ ಇವೆ, ದುಡಿಯುವ ಮೈಯಿದೆ. ಸಂಕಪ್ಪಯ್ಯನ ಮನಸ್ಸೂ ಅಷ್ಟಿಷ್ಟು ಕರಗುತ್ತೆ. ಅವನ ತಾಯಿ ಬಿಡೋದಿಲ್ಲ. ಹೊಲೆಯ ಸ್ವಂತ ಆರು ಕಟ್ಟೋದು ಅಂದರೇನು? ಅಲ್ಲಿ ಕನಸು ಆಕಸ್ಮಿಕದಿಂದ ಮುರಿಯಿತು, ಇಲ್ಲಿ ಕಟ್ಟಳೆಯಿಂದ. ನೆಲದ ಮಾತಿನಲ್ಲಿ ಚೋಮನಿಗೆ ಸರಿಜೋಡಿ ಜಾರ್ಜ್ ಅಲ್ಲ, ಕ್ರೂಕ್ಸ್.

ಕಾರಂತರ ಮೇಲೂ ನಮಗೆ ತಕರಾರಿದೆ. ಅವರ ಕಣ್ಣು ಕರುಣೆಯದು, ಗುಡಿಸಲ ಹೊರಗೆ ನಿಂತು ನೋಡಿದ್ದು. ಚೋಮನ ಸಿಟ್ಟೆಲ್ಲ ದುಡಿಗೇ ಹೋಗುತ್ತೆ, ಧಣಿಯ ಬಾಗಿಲಿಗೆ ಒಂದು ಪೆಟ್ಟೂ ಬೀಳೋದಿಲ್ಲ. ಸ್ಟೈನ್‌ಬೆಕ್‌ನೂ ಹಾಗೇ, ಕ್ರೂಕ್ಸ್‌ಗೆ ಒಂದು ಅಧ್ಯಾಯ ಕೊಟ್ಟು ಮರೆತುಬಿಟ್ಟ. ಆ ಅಧ್ಯಾಯದಲ್ಲೇ ಕ್ರೂಕ್ಸ್ ಒಂದು ಗಳಿಗೆ ಆಸೆಪಡ್ತಾನೆ: ನನ್ನನ್ನೂ ಸೇರಿಸಿಕೊಳ್ಳಿ, ಕೂಲಿ ಬೇಡ, ಹೊಟ್ಟೆಗೆ ಹಾಕಿದರೆ ಸಾಕು. ಅಂದರೆ ಸಮಾನರ ಕನಸಿನೊಳಗೂ ಅವನು ಜೀತಕ್ಕೇ ಒಪ್ಪಿಕೊಳ್ತಾನೆ! ಈ ಸಾಲು ಓದಿದ ರಾತ್ರಿ ನಾವ್ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ಲೆನ್ನಿಯ ಬೇಟೆಗೆ ಹೊರಟಾಗ ಕರ್ಲೀಗೆ ಕ್ರೂಕ್ಸ್‌ನ ನೆನಪಾಗುತ್ತೆ, ಕರಿಯನ ಹತ್ತಿರ ಕೋವಿ ಇದೆ, ತಗೊಳ್ಳಿ ಅಂತ. ಮನುಷ್ಯ ಬೇಡ, ಕೋವಿ ಬೇಕು.

ನೆಲದ ಮಾತು ನಮ್ಮಲ್ಲೂ ಬಂತು. 1974ರ ಭೂಸುಧಾರಣೆಯಲ್ಲಿ ಗೇಣಿದಾರ ಫಾರಂ ನಂಬರ್ 7 ಕೊಟ್ಟು ಒಡೆಯನಾದ. ಒಳ್ಳೇದೇ ಆಯಿತು. ಆದರೆ ಕಾಯಿ ಕೆಡವಿ ಕೂಲಿ ಇಸ್ಕೊಳ್ಳೋನು ಗೇಣಿದಾರ ಅಲ್ಲ, ಅವನು ತುಂಬೋಕೆ ಯಾವ ಫಾರಂ? ಸರ್ಕಾರ ಕೊಟ್ಟ ಎಕರೆ ಅರ್ಧ ಎಕರೆ ಇದ್ದರೂ, ತೆಂಗಿನ ಸಸಿ ನೆಟ್ಟರೆ ಫಸಲಿಗೆ ಆರೇಳು ವರ್ಷ ನೀರು ಹೊರಬೇಕು. ಸಾಲ ಆರೇಳು ವರ್ಷ ಕಾಯೋದಿಲ್ಲ. ದರ್ಕಾಸ್ತು ಜಮೀನು ಕೈಬಿಡುತ್ತಿದ್ದದ್ದಕ್ಕೇ 1978ರಲ್ಲಿ ಪರಭಾರೆ ತಡೆಯೋ ಕಾಯಿದೆ ತರಬೇಕಾಯಿತು. ಲೆನ್ನಿಯ ಮೊಲ ನಮ್ಮಲ್ಲಿ ತೆಂಗಿನ ಸಸಿ.

ಪತ್ರಿಕೆ ವಾಪಸ್ಸು ಬಂದ ರಾತ್ರಿ ಹಾಸ್ಟೆಲ್ಲಿನಲ್ಲಿ ಆ ಅಧ್ಯಾಯವನ್ನು ಸಾಲು ಸಾಲಾಗಿ ಕನ್ನಡಕ್ಕೆ ತಿರುವಿಕೊಂಡು ಗಟ್ಟಿಯಾಗಿ ಓದಿದೆವು. ಇಂಗ್ಲಿಷ್ ಬಾರದ ಪಿ.ಯು. ಹುಡುಗರೂ ಬಂದು ಕೂತರು. ಓದಿ ಮುಗಿದ ಮೇಲೆ ಒಬ್ಬ ಕೇಳಿದ, ‘ಆಮೇಲೆ ಆ ಕ್ರೂಕ್ಸು ಏನಾದ?’ ಪುಸ್ತಕ ಹೇಳೋದಿಲ್ಲ ಅಂದೆವು. ಮೂರು ಅಂಕದ ಗೆಳೆಯ ಬಾಗಿಲ ಹತ್ತಿರ ಕೂತಿದ್ದ.

‘ಇನ್ನೇನಾಗ್ತಾನ್ಲಾ, ಬೆಳಿಗ್ಗೆ ಎದ್ದು ಕುದುರೆಗೆ ಹುಲ್ಲು ಹಾಕಿರ್ತಾನೆ’ ಅಂದ.