ತಪ್ಪು ಕೇಳಿದವರದೇ? – ತಂತ್ರಾಂಶದ ಸಹಾಯ ಪುಟಗಳಲ್ಲಿ ಕನ್ನಡದ ಹುಡುಕಾಟ

ಚಿಂತಾಮಣಿ ಬಳಿಯ ಅಂಬಾಜಿದುರ್ಗ ಬೆಟ್ಟವನ್ನು ನಿಮ್ಮಲ್ಲಿ ಕೆಲವರು ಹತ್ತಿರಬಹುದು. ಕೆಲವು ವರ್ಷಗಳ ಹಿಂದೆ ಆ ಬೆಟ್ಟದ ಬಂಡೆಗಳ ಶಿಥಿಲೀಕರಣವನ್ನು ಕುರಿತು ಪ್ರೌಢಶಾಲೆಯ ವಿದ್ಯಾರ್ಥಿನಿಯೊಬ್ಬಳು ಮಕ್ಕಳ ವಿಜ್ಞಾನ ಸಮಾವೇಶಕ್ಕೆ ವರದಿ ಸಿದ್ಧಪಡಿಸುತ್ತಿದ್ದಳು. ಹಳೆಯ ಬಗೆಯ ಅಕ್ಷರಶೈಲಿಯಲ್ಲಿದ್ದ ವರದಿಯನ್ನು ಯೂನಿಕೋಡ್‌ಗೆ ಪರಿವರ್ತಿಸಿದಾಗ ‘ಅಂಬಾಜಿದುರ್ಗ’ ಎಂಬುದು ಎಲ್ಲ ಕಡೆಯೂ ‘ಅಂಬಾಜಿದುಗರ್’ ಆಗಿಬಿಟ್ಟಿತು. ಆಕೆ ಆ ತಂತ್ರಾಂಶದ ಸಹಾಯ ಪುಟಗಳನ್ನು ತೆರೆದು, ಹುಡುಕುವ ಚೌಕದಲ್ಲಿ ‘ಅರ್ಕಾವತ್ತು ಸರಿ ಮಾಡುವುದು ಹೇಗೆ’ ಎಂದು ಬೆರಳಚ್ಚಿಸಿದಳು. ಬಂದ ಉತ್ತರ: ‘ಯಾವುದೇ ಫಲಿತಾಂಶ ದೊರೆತಿಲ್ಲ’.

ನಾನು ಪಕ್ಕದಲ್ಲೇ ಕುಳಿತಿದ್ದೆ. ವಿಷಯಸೂಚಿಯನ್ನು ಒಂದೊಂದಾಗಿ ನೋಡುತ್ತಾ ಹೋದಾಗ ಅರ್ಧ ಗಂಟೆಯ ನಂತರ ಉತ್ತರವಿದ್ದ ಪುಟ ಸಿಕ್ಕಿತು. ಅಲ್ಲಿ ಎಲ್ಲ ಕಡೆ ‘ರೇಫ’ ಎಂದು ಬರೆದಿತ್ತು. ‘ಅರ್ಕಾವತ್ತು’ ಎಂಬ ಪದ ಒಮ್ಮೆಯೂ ಇರಲಿಲ್ಲ. “ಕನ್ನಡದಲ್ಲಿ ಕೇಳಬಾರದಿತ್ತೇನೋ ಸರ್” ಎಂದಳು ಹುಡುಗಿ. ಈ ಲೇಖನ ಬರೆಯಲು ಆ ಮಾತೇ ಕಾರಣ. ತಪ್ಪು ನಿಜವಾಗಿ ಆಕೆಯದೇ? ಪರಿಶೀಲಿಸೋಣ.

ಹುಡುಕಾಟ ನಡೆಯುವುದು ಹೇಗೆ?

ಹುಡುಕು ತಂತ್ರಾಂಶವು ನೀವು ಕೇಳಿದ ಕೂಡಲೇ ಎಲ್ಲ ಪುಟಗಳನ್ನು ಓದಲು ತೊಡಗುವುದಿಲ್ಲ. ಪಠ್ಯಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂತೆ, ಯಾವ ಪದ ಯಾವ ಯಾವ ಪುಟದಲ್ಲಿದೆ ಎಂಬ ಪಟ್ಟಿಯನ್ನು ಮೊದಲೇ ಸಿದ್ಧಮಾಡಿಕೊಂಡಿರುತ್ತದೆ. ನಿಮ್ಮ ಪದ ಆ ಪಟ್ಟಿಯಲ್ಲಿದ್ದರೆ ಪುಟ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ.

ಹಲವು ಪುಟಗಳು ಸಿಕ್ಕಾಗ ಯಾವುದನ್ನು ಮೊದಲು ತೋರಿಸಬೇಕು? ಇದಕ್ಕೆ 1972ರಲ್ಲಿ ಬ್ರಿಟನ್ನಿನ ಕರೆನ್ ಸ್ಪಾರ್ಕ್ ಜೋನ್ಸ್ ಸರಳವಾದ ಉಪಾಯವೊಂದನ್ನು ಸೂಚಿಸಿದರು. ಕೆಲವೇ ಪುಟಗಳಲ್ಲಿ ಬರುವ ಪದಕ್ಕೆ ಹೆಚ್ಚು ತೂಕ, ಎಲ್ಲೆಡೆ ಬರುವ ಪದಕ್ಕೆ ಕಡಿಮೆ ತೂಕ. ಒಟ್ಟು ಪುಟಗಳ ಸಂಖ್ಯೆಯನ್ನು ಆ ಪದವಿರುವ ಪುಟಗಳ ಸಂಖ್ಯೆಯಿಂದ ಭಾಗಿಸಿ ಲಾಗರಿತಮ್ ತೆಗೆದರೆ ತೂಕ ಸಿಗುತ್ತದೆ. ಒಂದು ಕೈಪಿಡಿಯಲ್ಲಿ 1000 ಪುಟಗಳಿವೆ ಎನ್ನೋಣ. ‘ಹೇಗೆ’ ಎಂಬ ಪದ 800 ಪುಟಗಳಲ್ಲಿದ್ದರೆ ಅದರ ತೂಕ ಸುಮಾರು 0.097. ‘ಅರ್ಕಾವತ್ತು’ 2 ಪುಟಗಳಲ್ಲಿದ್ದರೆ ತೂಕ ಸುಮಾರು 2.7, ಅಂದರೆ ಇಪ್ಪತ್ತೆಂಟು ಪಟ್ಟು ಹೆಚ್ಚು. ಹುಡುಗಿಯ ಪ್ರಶ್ನೆಯ ಜೀವಾಳ ಆ ಒಂದು ಪದದಲ್ಲೇ ಇತ್ತು. ಪುಟ ಬರೆದವರು ಬಿಟ್ಟುಬಿಟ್ಟಿದ್ದೂ ಅದನ್ನೇ! ಸೂತ್ರ ಎಷ್ಟೇ ಒಳ್ಳೆಯದಾಗಿರಲಿ, ಇಲ್ಲದ ಪದವನ್ನು ಅದು ತೂಗಲಾರದು.

ಕಣ್ಣಿಗೆ ಒಂದೇ, ಗಣಕಕ್ಕೆ ಬೇರೆ

ಈಗ ಕನ್ನಡಕ್ಕೇ ವಿಶಿಷ್ಟವಾದ ತೊಡಕುಗಳನ್ನು ನೋಡೋಣ. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ಥಾನವಿದೆ. ಅದರಲ್ಲಿ ‘ದುರ್ಗ’ ಎಂಬುದು ಉಚ್ಚಾರಣೆಯ ಕ್ರಮದಲ್ಲಿ, ಅಂದರೆ ‘ರ್’ ಮೊದಲು ‘ಗ’ ನಂತರ ಎಂಬಂತೆ ದಾಖಲಾಗುತ್ತದೆ. ನುಡಿ, ಬರಹ ಮುಂತಾದವುಗಳ ಹಳೆಯ ಅಕ್ಷರಶೈಲಿಗಳಲ್ಲಾದರೋ ಕಣ್ಣಿಗೆ ಕಾಣುವ ಕ್ರಮವೇ ಮುಖ್ಯ. ಮೊದಲು ‘ಗ’, ಅದರ ಬಲಕ್ಕೆ ಅರ್ಕಾವತ್ತಿನ ಚಿಹ್ನೆ. ಪರಿವರ್ತಿಸುವಾಗ ಕ್ರಮವನ್ನು ಅದಲುಬದಲು ಮಾಡದಿದ್ದರೆ ‘ದುರ್ಗ’ ಹೋಗಿ ‘ದುಗರ್’ ಬರುತ್ತದೆ.

ಯೂನಿಕೋಡ್‌ನಲ್ಲೇ ಬರೆದರೂ ತೊಡಕು ತೀರುವುದಿಲ್ಲ. ಅಗಲವೇ ಇಲ್ಲದ ಜೋಡಕ ಚಿಹ್ನೆಯೊಂದನ್ನು ನಡುವೆ ಇಟ್ಟರೆ ‘ದುರ್ಗ’ವನ್ನು ‘ದುರ‍್ಗ’ ಎಂದೂ ಬರೆಯಬಹುದು. ನಮಗೆ ಎರಡೂ ಒಂದೇ ಪದ, ಗಣಕಕ್ಕೆ ಎರಡು. ಹಾಗೆಯೇ ‘ಕೊ’ ಎಂಬುದನ್ನು ‘ಒ’ಕಾರದ ಒಂದೇ ಚಿಹ್ನೆಯಿಂದ ದಾಖಲಿಸಬಹುದು, ‘ಎ’ಕಾರ ಮತ್ತು ‘ಊ’ಕಾರದ ಚಿಹ್ನೆಗಳನ್ನು ಒಂದರ ನಂತರ ಒಂದು ಇಟ್ಟೂ ದಾಖಲಿಸಬಹುದು. ತೆರೆಯ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ‘ಫೈಲ್’ ಎಂಬುದನ್ನು ಕೆಲವರು ಅಡಿಚುಕ್ಕೆ ಇಟ್ಟು ‘ಫ಼ೈಲ್’ ಎಂದು ಬರೆಯುತ್ತಾರೆ. ಇಂಥ ರೂಪಗಳನ್ನೆಲ್ಲ ಒಂದೇ ರೂಪಕ್ಕೆ ತಂದು ಆಮೇಲೆ ಹೋಲಿಸಬೇಕು. ‘ಒ’ಕಾರದಂಥವನ್ನು ಸರಿಪಡಿಸುವ ನಿಯಮ ಯೂನಿಕೋಡ್‌ನಲ್ಲೇ ಇದೆ. ಜೋಡಕ ಚಿಹ್ನೆ ಮತ್ತು ಅಡಿಚುಕ್ಕೆಗಳನ್ನು ತಂತ್ರಾಂಶ ರಚಿಸುವವರೇ ಪ್ರತ್ಯೇಕವಾಗಿ ನಿಭಾಯಿಸಬೇಕು. ಇದು ಕಷ್ಟದ ಕೆಲಸವಲ್ಲ, ಮಾಡಬೇಕೆಂಬ ಅರಿವು ಬೇಕು ಅಷ್ಟೆ.

ಪ್ರತ್ಯಯಗಳ ಸಾಲು

ಇಂಗ್ಲಿಷಿನ ಪದಗಳ ಬಾಲವನ್ನು ಕತ್ತರಿಸಿ ಮೂಲರೂಪಕ್ಕೆ ತರುವ ವಿಧಾನವೊಂದನ್ನು ಮಾರ್ಟಿನ್ ಪೋರ್ಟರ್ 1980ರಲ್ಲಿ ಪ್ರಕಟಿಸಿದರು. ಅಲ್ಲಿ ಬಾಲಗಳು ಕೆಲವೇ. ನಮ್ಮಲ್ಲಿ? ಕಡತವು, ಕಡತವನ್ನು, ಕಡತಕ್ಕೆ, ಕಡತದಿಂದ, ಕಡತದಲ್ಲಿ, ಕಡತಗಳು, ಕಡತಗಳನ್ನು, ಕಡತಗಳಲ್ಲಿಯೂ... ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ‘ಕಡತ’ ಎಂದು ಹುಡುಕಿದವರಿಗೆ ‘ಕಡತಗಳನ್ನು’ ಇರುವ ಪುಟ ಸಿಗದಿದ್ದರೆ ಅದು ಕನ್ನಡ ಬಲ್ಲ ಹುಡುಕಾಟವಲ್ಲ.

ಹಾಗೆಂದು ಕಣ್ಣುಮುಚ್ಚಿ ಕತ್ತರಿಸಲೂ ಆಗದು. ‘ಕಡತದ’ ಎಂಬಲ್ಲಿ ಕೊನೆಯ ‘ದ’ ತೆಗೆದರೆ ‘ಕಡತ’ ಉಳಿಯುತ್ತದೆ, ಸರಿ. ಅದೇ ನಿಯಮವನ್ನು ‘ಪದ’ಕ್ಕೆ ಅನ್ವಯಿಸಿದರೆ ‘ಪ’ ಮಾತ್ರ ಉಳಿಯುತ್ತದೆ! ಮೂಲಪದಗಳ ಪಟ್ಟಿಯನ್ನು ಜೊತೆಗಿಟ್ಟುಕೊಂಡು, ಸಂಧಿಯ ನಿಯಮಗಳನ್ನು ಅರಿತು ಬಿಡಿಸಬೇಕು. ಕನ್ನಡ ವ್ಯಾಕರಣದ ಪಾಠ ಗಣಕ ವಿಜ್ಞಾನಕ್ಕೆ ಎಲ್ಲಿ ಬೇಕಾಗುತ್ತದೆ ಎಂದು ಕೇಳುವ ವಿದ್ಯಾರ್ಥಿಗಳಿಗೆ ಇದನ್ನು ತೋರಿಸಬಹುದು.

ಇನ್ನೊಂದು ಅಪಾಯವಿದೆ. ಕಾಗುಣಿತ ತಪ್ಪಿದರೂ ಉತ್ತರ ಸಿಗಲೆಂದು ಒಂದು ಅಕ್ಷರ ವ್ಯತ್ಯಾಸವಿರುವ ಪದಗಳನ್ನೂ ಹೊಂದಿಸಿಕೊಳ್ಳುವ ಸೌಲಭ್ಯ ಹಲವು ಹುಡುಕು ತಂತ್ರಾಂಶಗಳಲ್ಲಿದೆ. ‘ಉಳಿಸು’ ಮತ್ತು ‘ಅಳಿಸು’ ಎಂಬ ಪದಗಳನ್ನು ಗಮನಿಸಿ. ವ್ಯತ್ಯಾಸ ಒಂದೇ ಅಕ್ಷರ, ಅರ್ಥ ತದ್ವಿರುದ್ಧ. ಕಡತವನ್ನು ಉಳಿಸುವುದು ಹೇಗೆಂದು ಕೇಳಿದವರಿಗೆ ಅಳಿಸುವ ವಿಧಾನವನ್ನು ಮೇಲೆ ತೋರಿಸಿದರೆ ಅದಕ್ಕೆ ಸಹಾಯವೆನ್ನುವುದು ಹೇಗೆ? ಆದ್ದರಿಂದ ಕೇಳಿದ ಪದ ಇದ್ದ ಹಾಗೆಯೇ ಸಿಕ್ಕಾಗ ಈ ಸಡಿಲಿಕೆ ಕೂಡದು. ಬೇರೆ ಭಾಷೆಗೆ ಹೊಲಿದ ಅಂಗಿ ನಮಗೆ ಹಾಗೆಯೇ ಹೊಂದದು ಎಂಬುದಕ್ಕೆ ಇದೊಂದೇ ನಿದರ್ಶನ ಸಾಕು.

ಬರೆದವರ ಮಾತು, ಕೇಳುವವರ ಮಾತು

ಇಷ್ಟೆಲ್ಲ ಸರಿಪಡಿಸಿದರೂ ನಮ್ಮ ಹುಡುಗಿಗೆ ಪುಟ ಸಿಗುತ್ತಿರಲಿಲ್ಲ. ‘ರೇಫ’ವನ್ನು ಎಷ್ಟು ಬಿಡಿಸಿದರೂ ‘ಅರ್ಕಾವತ್ತು’ ಬಾರದು. 1987ರಲ್ಲಿ ಅಮೆರಿಕದ ಜಾರ್ಜ್ ಫರ್ನಾಸ್ ಮತ್ತು ಸಂಗಡಿಗರು ಇದೇ ಸಮಸ್ಯೆಯನ್ನು ಅಳೆದು ನೋಡಿದರು. ಒಂದೇ ವಸ್ತುವಿಗೆ ಇಬ್ಬರು ವ್ಯಕ್ತಿಗಳು ತಾವಾಗಿಯೇ ಒಂದೇ ಹೆಸರನ್ನು ಆರಿಸುವ ಸಂಭವನೀಯತೆ 0.20ಕ್ಕಿಂತಲೂ ಕಡಿಮೆ ಎಂದು ಕಂಡುಬಂತು. ಅತ್ಯುತ್ತಮವಾದ ಒಂದು ಹೆಸರನ್ನು ಹುಡುಕುವುದಲ್ಲ, ಒಂದೇ ವಸ್ತುವಿಗೆ ಅನೇಕ ಹೆಸರುಗಳಿಂದ ದಾರಿ ಮಾಡಿಕೊಡುವುದೇ ಪರಿಹಾರವೆಂದು ಅವರು ತೀರ್ಮಾನಿಸಿದರು.

ಕನ್ನಡದಲ್ಲಿ ಈ ಅಂತರ ಇನ್ನೂ ಹಿರಿದು. ಅನುವಾದಕರು ‘ಕಡತ’, ‘ಮುದ್ರಿಸು’, ‘ಉಳಿಸು’ ಎನ್ನುತ್ತಾರೆ. ಬಳಸುವವರು ‘ಫೈಲ್’, ‘ಪ್ರಿಂಟ್’, ‘ಸೇವ್’ ಎನ್ನುತ್ತಾರೆ. ಎಷ್ಟೋ ಜನ ಅದನ್ನೂ ರೋಮನ್ ಅಕ್ಷರಗಳಲ್ಲೇ ಬೆರಳಚ್ಚಿಸುತ್ತಾರೆ. ಮುಕ್ತ ತಂತ್ರಾಂಶಗಳನ್ನು ಕನ್ನಡಕ್ಕೆ ತಂದವರಲ್ಲಿ ಅನೇಕರು ಸಂಬಳವಿಲ್ಲದೆ ದುಡಿದ ಉತ್ಸಾಹಿಗಳು. ಅವರ ಶ್ರಮವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ‘ಕಡತ’ ಒಳ್ಳೆಯ ಪದ, ಅದು ಉಳಿಯಲಿ. ಆದರೆ ಪುಟದ ಸೂಚಿಪದಗಳಲ್ಲಿ ‘ಫೈಲ್’ ಕೂಡ ಇರಲಿ. ಲಿಬ್ರೆಆಫೀಸ್‌ನ ಸಹಾಯ ಪುಟಗಳ ಮೂಲದಲ್ಲಿ ಪಠ್ಯದಿಂದ ಪ್ರತ್ಯೇಕವಾಗಿ ಸೂಚಿಪದಗಳನ್ನು ಬರೆಯಲು ಸ್ಥಳವಿದೆ. ಇಂಥ ಸ್ಥಳದಲ್ಲಿ ಇಂಗ್ಲಿಷಿನ ಸೂಚಿಪದವನ್ನು ಅನುವಾದಿಸಿ ಸುಮ್ಮನಾದರೆ ಸಾಲದು. ಕನ್ನಡಿಗರು ಹೇಗೆ ಕೇಳಿಯಾರು ಎಂದು ಯೋಚಿಸಿ ಸೇರಿಸಬೇಕು.

ಅಳೆಯದೆ ಸುಧಾರಣೆಯಿಲ್ಲ

ಕೇಳಿಯಾರು ಎಂದು ಊಹಿಸುವುದಾದರೂ ಏಕೆ? ಫಲಿತಾಂಶ ಸಿಗದ ಪ್ರಶ್ನೆಗಳನ್ನು ದಾಖಲಿಸಿಡುವುದು ಸುಲಭ. ಕೇಳಿದವರ ಹೆಸರು, ಗುರುತು ಬೇಕಿಲ್ಲ, ಪ್ರಶ್ನೆ ಸಾಕು. ತಿಂಗಳಿಗೊಮ್ಮೆ ಆ ಪಟ್ಟಿಯನ್ನು ಓದಿದರೆ ‘ಅರ್ಕಾವತ್ತು’ ಅಲ್ಲಿ ಎದ್ದು ಕಾಣುತ್ತದೆ. ಸೋತ ಪ್ರಶ್ನೆಗಳ ಪಟ್ಟಿಯೇ ಸಹಾಯ ಪುಟ ಬರೆಯುವವರಿಗೆ ನಿಜವಾದ ಮೇಷ್ಟ್ರು. ಅದನ್ನು ಓದದೆ ಹುಡುಕಾಟದ ಸೂತ್ರವನ್ನೇ ತಿದ್ದುತ್ತಾ ಕೂರುವುದು, ಥರ್ಮಾಮೀಟರ್ ನೋಡದೆ ಜ್ವರಕ್ಕೆ ಔಷಧಿ ಕೊಟ್ಟಂತೆ.

ಇತ್ತೀಚೆಗೆ ಪ್ರಶ್ನೆಗೆ ವಾಕ್ಯಗಳಲ್ಲೇ ಉತ್ತರಿಸುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಬಂದಿವೆ. ‘ರೇಫ’ ಮತ್ತು ‘ಅರ್ಕಾವತ್ತು’ ಒಂದೇ ಎಂಬುದನ್ನು ಅವು ಎಷ್ಟೋ ಬಾರಿ ಗುರುತಿಸಬಲ್ಲವು. ಇದು ಒಳ್ಳೆಯ ಬೆಳವಣಿಗೆ. ಆದರೆ ಒಂದು ನಿರ್ದಿಷ್ಟ ತಂತ್ರಾಂಶದ ಬಗ್ಗೆ ಸರಿಯಾಗಿ ಉತ್ತರಿಸಲು ಅವಕ್ಕೂ ಆಧಾರವಾಗಿ ಸಹಾಯ ಪುಟವೇ ಬೇಕು. ಪುಟ ಸಿಗದಿದ್ದಾಗ ಹಳೆಯ ಹುಡುಕಾಟ ‘ಇಲ್ಲ’ ಎನ್ನುತ್ತಿತ್ತು. ಹೊಸದು ಇಲ್ಲದ ಗುಂಡಿಯನ್ನು ಒತ್ತಿರೆಂದು ನಿರರ್ಗಳವಾಗಿ ಹೇಳಿಬಿಡಬಹುದು.

ಅಳತೆಗೋಲು ಹಳೆಯದೇ. 1960ರ ದಶಕದಲ್ಲಿ ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್‌ನಲ್ಲಿ ಸಿರಿಲ್ ಕ್ಲೆವರ್ಡನ್ ನಡೆಸಿದ ಪ್ರಯೋಗಗಳಲ್ಲಿ ಎರಡು ಅಳತೆಗಳು ಬಳಕೆಯಾದವು. ಸಿಕ್ಕಿದ್ದರಲ್ಲಿ ಬೇಕಾದದ್ದು ಎಷ್ಟು ಎಂಬುದು ನಿಖರತೆ. ಬೇಕಾದದ್ದರಲ್ಲಿ ಸಿಕ್ಕಿದ್ದು ಎಷ್ಟು ಎಂಬುದು ವ್ಯಾಪ್ತಿ. ಬೇಕಾದ ಪುಟಗಳು 10, ಸಿಕ್ಕವು 20, ಅವುಗಳಲ್ಲಿ ಸರಿಯಾದವು 8 ಎನ್ನೋಣ. ಆಗ ನಿಖರತೆ ಶೇಕಡಾ 40, ವ್ಯಾಪ್ತಿ ಶೇಕಡಾ 80.

ಅಧ್ಯಾಪಕ ಮಿತ್ರರೇ, ಇದನ್ನು ತರಗತಿಯಲ್ಲೇ ಪರೀಕ್ಷಿಸಬಹುದು, ಗಣಕ ಬೇಕೆಂದಿಲ್ಲ. ‘ಬರೆದದ್ದು ಹಾಳಾಗದಂತೆ ಗಣಕದಲ್ಲಿ ಇಡಬೇಕು, ಸಹಾಯ ಹೇಗೆ ಕೇಳುವಿರಿ?’ ಎಂದು ಪ್ರಶ್ನಿಸಿ, ಪ್ರತಿಯೊಬ್ಬರೂ ಪಕ್ಕದವರನ್ನು ನೋಡದೆ ಚೀಟಿಯಲ್ಲಿ ಬರೆಯಲಿ. ಎಷ್ಟು ಬಗೆಯ ಪದಗಳು ಬಂದವೆಂದು ಎಣಿಸಿ. ಯಾವುದೇ ಇಬ್ಬರ ಚೀಟಿಗಳು ಹೊಂದುವ ಸಂಭವನೀಯತೆಯನ್ನು ಲೆಕ್ಕ ಹಾಕಿಸಿ. ನಂತರ ಆ ಪದಗಳನ್ನು ತಂತ್ರಾಂಶ ರಚಿಸಿದವರಿಗೆ ಬರೆದು ಕಳಿಸಿ.

ಅಂದು ಆ ಹುಡುಗಿಗೆ ನಾನು ಹೇಳಿದ್ದು ಇಷ್ಟೆ: “ನೀನು ಕೇಳಿದ್ದು ಸರಿಯಾಗಿಯೇ ಇದೆಯಮ್ಮ, ಅವರು ಬರೆದಿರುವುದು ಸಾಲದು.” ವರದಿಯಲ್ಲಿ ‘ದುಗರ್’ ಇದ್ದ ಕಡೆಯೆಲ್ಲ ಆಕೆ ಕೈಯಾರೆ ‘ದುರ್ಗ’ ಎಂದು ತಿದ್ದಿದಳು. ಮುಂದೆ ಇನ್ನೊಬ್ಬರು ‘ಅರ್ಕಾವತ್ತು’ ಎಂದು ಹುಡುಕಿದಾಗ ಆ ಪುಟ ಸಿಗಬೇಕಾದರೆ, ಆ ಒಂದು ಪದ ಪುಟದಲ್ಲಿದ್ದರೆ ಸಾಕು.